ಖಾಲಿ ಸಾಲು ಗುಡಿಸಲು ಹೋಗಿ

ನಮ್ಮ ಮನೆಯಲ್ಲಿ ಕಸ ಗುಡಿಸುವ ಕೆಲಸವನ್ನು ನನಗೆ ಕೊಡುವುದಿಲ್ಲ. ನಾನು ಗುಡಿಸಿದರೆ ಕಸ ಇದ್ದಲ್ಲೇ ಇರುತ್ತದೆ, ಓಲೆಯ ತಿರುಪು ಮಾತ್ರ ಮೊರಕ್ಕೆ ಬಿದ್ದು ಹೋಗುತ್ತದೆ ಎಂಬುದು ನನ್ನ ಹೆಂಡತಿಯ ಅನುಭವ. ಈ ವಿಷಯ ನಮ್ಮ ಹಳೆಯ ವಿದ್ಯಾರ್ಥಿಗಳ ಬಳಗಕ್ಕೆ ಗೊತ್ತಿರಲಿಲ್ಲ. ಹಾಗಾಗಿ ಸ್ಮರಣ ಸಂಚಿಕೆಯ ಕೆಲಸ ನನ್ನ ತಲೆಗೆ ಬಂತು.

ನಾವು ಹಾಸನದ ಒಂದು ಹೈಸ್ಕೂಲಿನಲ್ಲಿ 1989ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ದೀಪಾವಳಿ ಕಳೆದ ಮೇಲೆ ಎಲ್ಲರೂ ಸೇರಬೇಕು, ಮೇಷ್ಟ್ರುಗಳಿಗೆ ಶಾಲು ಹೊದಿಸಬೇಕು, ಒಂದು ಪುಸ್ತಕ ತರಬೇಕು ಎಂದು ಮಹಾರಾಜ ಪಾರ್ಕಿನಲ್ಲಿ ಕೂತು ತೀರ್ಮಾನವಾಯಿತು. ಸಂಪಾದಕ ಯಾರು ಎಂದು ಕೇಳಿದಾಗ ನನ್ನ ಬಾಯಿ ತುಂಬ ಚುರುಮುರಿ ಇತ್ತು. ಬೇಡ ಅನ್ನುವಷ್ಟರಲ್ಲಿ ಹೆಸರು ಬರೆದುಕೊಂಡಾಗಿತ್ತು.

ಲೇಖನಗಳು ಬಂದವು. ಈ-ಮೇಲ್‌ನಲ್ಲಿ ಕೆಲವು, ವಾಟ್ಸಾಪ್‌ನಲ್ಲಿ ಕೆಲವು, ಪೆನ್‌ಡ್ರೈವ್‌ನಲ್ಲಿ ಕೆಲವು. ಒಟ್ಟು 63 ವರ್ಡ್ ಫೈಲು. ಪ್ರೆಸ್ಸಿನವರ ಲೆಕ್ಕ ಸರಳವಾಗಿತ್ತು. ಹದಿನಾರು ಪುಟಕ್ಕೆ ಒಂದು ಫಾರಂ, ಆರು ಫಾರಂ ಅಂದರೆ 96 ಪುಟ. ಅಷ್ಟಕ್ಕೆ ನಮ್ಮ ಖಜಾಂಚಿ ರೇಟು ಮಾತಾಡಿ ಬಂದಿದ್ದ. ಅವನು ವ್ಯಾಪಾರದವನು. ಒಮ್ಮೆ ರೇಟು ಮಾತಾಡಿದ ಮೇಲೆ ಸಾಕ್ಷಾತ್ ಹಾಸನಾಂಬೆಯೇ ಎದ್ದು ಬಂದು ಹೇಳಿದರೂ ಒಂದು ರೂಪಾಯಿ ಮೇಲೆ ಬಿಚ್ಚುವ ಆಸಾಮಿಯಲ್ಲ.

ಫೈಲುಗಳನ್ನೆಲ್ಲ ಪುಟದ ಅಳತೆಗೆ ಕೂರಿಸಿ ಎಣಿಸಿದೆ. 131 ಪುಟ!

ಅಷ್ಟೊಂದು ಯಾರು ಬರೆದರಪ್ಪಾ ಎಂದು ನೋಡಿದರೆ ಯಾರೂ ಬರೆದಿರಲಿಲ್ಲ. ಎರಡು ಫಾರಂಗಾಗುವಷ್ಟು ಬರೀ ಖಾಲಿ ಸಾಲು.

ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು 8 ಒಟ್ಟಿಗೆ ಒತ್ತಿದರೆ ಅಲ್ಲಿಯವರೆಗೆ ಕಾಣದಿದ್ದದ್ದೆಲ್ಲ ಕಾಣುತ್ತದೆ. ಪದಗಳ ನಡುವೆ ಸಾಸಿವೆ ಕಾಳಿನಂಥ ಚುಕ್ಕಿ. ಎಂಟರ್ ಒತ್ತಿದ ಕಡೆಯಲ್ಲೆಲ್ಲ ಹಿಂದುಮುಂದಾದ ಪಿ ಅಕ್ಷರದಂಥ ಒಂದು ಗುರುತು, ಎರಡು ಕಾಲಿನದು. ಹೆಗಲಿಗೆ ಬ್ಯಾಗು ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತವನ ಹಾಗೆ ಕಾಣುತ್ತದೆ. ಅವತ್ತು ಒತ್ತಿ ನೋಡಿದೆ. ಪುಟದ ತುಂಬ ಇವರೇ. ಒಂದೇ ಒಂದು ಬಸ್ಸೂ ಬಂದ ಹಾಗೆ ಕಾಣಲಿಲ್ಲ.

ಎಂಟರ್ ಒತ್ತುವುದರಲ್ಲೂ ಒಬ್ಬೊಬ್ಬರದು ಒಂದೊಂದು ಕೈಬರಹ ಇರುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ನಮ್ಮ ಗಣಿತದ ಮೇಷ್ಟ್ರು ಆ ಕಾಲದಲ್ಲೇ ಟೈಪಿಂಗ್ ಸೀನಿಯರ್ ಪಾಸು ಮಾಡಿದವರು. ಟೈಪ್‌ರೈಟರಿನಲ್ಲಿ ಪ್ಯಾರಾ ಮುಗಿದ ಮೇಲೆ ಪಕ್ಕದ ಹಿಡಿಯನ್ನು ಎರಡು ಸಲ ತಳ್ಳಬೇಕು, ಆಗ ನಡುವೆ ಒಂದು ಸಾಲು ಖಾಲಿ ಬಿಡುತ್ತದೆ. ಆ ರೂಢಿ ಕೈಯಲ್ಲೇ ಉಳಿದಿದೆ. ಕಂಪ್ಯೂಟರಿನಲ್ಲೂ ಎರಡು ಸಲ ಎಂಟರ್. ಆದರೆ 2007ರ ವರ್ಡ್‌ನಿಂದ ಈಚೆಗೆ ಪ್ರತಿ ಪ್ಯಾರಾ ಆದ ಮೇಲೆ ಅದೇ ಸ್ವಲ್ಪ ಜಾಗ ಬಿಡುತ್ತದೆ. ಮೇಷ್ಟ್ರು ಬಿಟ್ಟ ಜಾಗದ ಜೊತೆಗೆ ಅದು ಬಿಟ್ಟ ಜಾಗವೂ ಸೇರಿ, ಅತ್ತೆ ಬಡಿಸಿ ಹೋದ ಎಲೆಗೆ ಸೊಸೆಯೂ ಬಂದು ಬಡಿಸಿದ ಹಾಗಾಗಿತ್ತು.

ಸಕಲೇಶಪುರದಲ್ಲಿ ಕಾಫಿ ತೋಟ ಇರುವ ಗೆಳೆಯನದು ಇನ್ನೊಂದು ಥರ. ಅವನು ಶಿಫ್ಟ್ ಹಿಡಿದುಕೊಂಡೇ ಎಂಟರ್ ಒತ್ತುತ್ತಾನೆ. ಯಾರೋ ಹೇಳಿಕೊಟ್ಟರಂತೆ. ಅವನ ಫೈಲಿನಲ್ಲಿ ಎರಡು ಕಾಲಿನ ಗುರುತು ಕೊನೆಯಲ್ಲಿ ಒಂದೇ ಒಂದು, ಉಳಿದದ್ದೆಲ್ಲ ಬಾಗಿದ ಬಾಣ. ನಮ್ಮ ಕಣ್ಣಿಗೆ ಐದು ಪುಟದ ಲೇಖನ, ವರ್ಡ್ ಕಣ್ಣಿಗೆ ಒಂದೇ ಪ್ಯಾರಾ. ಇನ್ನು ಖಜಾಂಚಿ, ಹೊಸ ಪುಟ ಬೇಕಾದರೆ ಎಂಟರ್ ಮೇಲೆ ಬೆರಳಿಟ್ಟು ಸುಮ್ನೆ ಕೂರುತ್ತಾನೆ. ನಲ್ಲಿ ತಿರುಗಿಸಿ ಬಿಂದಿಗೆ ತುಂಬುವ ತನಕ ಪಕ್ಕದ ಮನೆಯವರ ಜೊತೆ ಮಾತಾಡುತ್ತಾರಲ್ಲ, ಹಾಗೆ.

ಅವು ಹಾಸನಾಂಬೆಯ ದರ್ಶನದ ದಿನಗಳು. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಗುಡಿಯ ಬಾಗಿಲು ತೆಗೆಯುತ್ತಾರೆ. ವರ್ಷಕ್ಕೆ ಅದೊಂದೇ ಸಲ. ಬಾಗಿಲು ತೆಗೆದರೆ ಊರಿನ ಪ್ರತಿ ಮನೆಯಲ್ಲೂ ನೆಂಟರು. ನಮ್ಮ ಮನೆಗೆ ಅಕ್ಕ, ಭಾವ, ಇಂಜಿನಿಯರಿಂಗ್ ಓದುವ ಅವರ ಮಗ ಬಂದಿದ್ದರು. ಎಲ್ಲರೂ ಸಾಲಿನಲ್ಲಿ ಐದು ಗಂಟೆ ನಿಂತು ಬಂದಿದ್ದೆವು. ಅಲ್ಲಿ ಒಂದು ಗೇಣು ಜಾಗ ಬಿಟ್ಟರೆ ಸಾಕು, ಹಿಂದಿನಿಂದ "ಮುಂದಕ್ ಹೋಗ್ರೀ" ಎಂದು ಕೂಗು, ಕೂಗಿನ ಹಿಂದೆಯೇ ಮೊಣಕೈ. ಆ ಜನರನ್ನೇ ಕರೆತಂದು ನನ್ನ ಫೈಲುಗಳ ಒಳಗೆ ಬಿಡಬೇಕು ಅನ್ನಿಸಿತು.

ಮೊದಲ ಸಂಜೆ ಬ್ಯಾಕ್‌ಸ್ಪೇಸ್ ಒತ್ತಿ ಒತ್ತಿ ನಾಲ್ಕು ಫೈಲು ಮುಗಿಸಿದೆ. ಬೆರಳಿಗೆ ಅಮೃತಾಂಜನ ಹಚ್ಚಿಕೊಂಡು ಮಲಗಿದೆ.

ಮಾರನೆಯ ದಿನ ಆಫೀಸಿನ ಹುಡುಗಿಯೊಬ್ಬಳು ಉಪಾಯ ಹೇಳಿಕೊಟ್ಟಳು. ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಆರರ ಮೇಲಿರುವ ಟೋಪಿ ಗುರುತು ಹಾಕಿ ಪಕ್ಕದಲ್ಲಿ ಪಿ ಬರೆದರೆ ಎಂಟರ್ ಅಂತ ಅರ್ಥ. ಎರಡು ಟೋಪಿ-ಪಿ ಹುಡುಕು, ಬದಲಿಗೆ ಒಂದು ಟೋಪಿ-ಪಿ ಹಾಕು ಅಂದರೆ ಆಯಿತು. ಮನೆಗೆ ಬಂದು ಹಾಗೇ ಮಾಡಿದೆ. ಇಂಥ ಗುರುತೇ ಇಲ್ಲ ಎಂದು ವರ್ಡ್ ಗದರಿತು. ಮೂರು ಸಲ ಮಾಡಿದರೂ ಗದರಿತು. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶ ಆನ್ ಇತ್ತು. ನಾನು ಪಿ ಒತ್ತಿದಾಗಲೆಲ್ಲ ಅಲ್ಲಿ 'ಪ' ಬಿದ್ದಿತ್ತು. ಟೋಪಿ ಹಾಕಿಕೊಂಡ ಪಕಾರ ಯಾರೆಂದು ಪಾಪ ಅದಕ್ಕೇನು ಗೊತ್ತು?

ಕನ್ನಡ ಆಫ್ ಮಾಡಿದ ಮೇಲೆ ಕೆಲಸ ಸಾಗಿತು. ಆದರೆ ಒಂದೇ ಏಟಿಗೆ ಅಲ್ಲ. ಸಾಲಾಗಿ ಹತ್ತು ಎಂಟರ್ ಇದ್ದರೆ ಮೊದಲ ಸಲ ಐದಾಗುತ್ತವೆ, ಐದು ಮೂರಾಗುತ್ತವೆ, ಮೂರು ಎರಡಾಗುತ್ತವೆ, ಆಮೇಲೆ ಒಂದು. ಏನೂ ಉಳಿದಿಲ್ಲ, ಸೊನ್ನೆ ಎಂದು ಅದು ಹೇಳುವ ತನಕ ಒತ್ತುತ್ತಾ ಇರಬೇಕು. ಇದರಲ್ಲೂ ಒಂದು ಚೇಷ್ಟೆ ಇದೆ. ಫೈಲಿನ ಕಟ್ಟಕಡೆಯ ಎಂಟರ್ ಅನ್ನು ವರ್ಡ್ ಯಾವ ಕಾಲಕ್ಕೂ ಬಿಟ್ಟುಕೊಡುವುದಿಲ್ಲ. ಕೊನೆಯಲ್ಲಿ ಖಾಲಿ ಸಾಲಿದ್ದರೆ ಪ್ರತಿ ಸಲವೂ "ಒಂದು ಬದಲಾಯಿಸಿದ್ದೇನೆ" ಅನ್ನುತ್ತದೆ, ನೋಡಿದರೆ ಏನೂ ಬದಲಾಗಿರುವುದಿಲ್ಲ. ಸೊನ್ನೆ ಬರಲಿ ಎಂದು ನಾನು ಇಪ್ಪತ್ತು ಸಲ ಒತ್ತಿದೆ. ಇಪ್ಪತ್ತು ಸಲವೂ ಒಂದು. "ಆಗ್ತಾ ಇದೆ ಸಾರ್, ನಾಳೆ ಬನ್ನಿ" ಅನ್ನುವ ಗುಮಾಸ್ತನ ನೆನಪಾಗಿ ಬೈಯಲು ಹೊರಟೆ. ನಾನೂ ಗುಮಾಸ್ತನೇ. ಸುಮ್ಮನಾದೆ.

ಇದನ್ನೆಲ್ಲ ಅಕ್ಕನ ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಮಾವ, 63 ಫೈಲಿಗೂ ಹಿಂಗೇ ಮಾಡ್ತೀಯಾ?"

"ಇನ್ನೇನಪ್ಪ ಮಾಡೋದು?"

ಅವನು ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಆಲ್ಟ್ ಮತ್ತು ಎಫ್ 11 ಒತ್ತಿ, ಯಾವುದೋ ಹೊಸ ಕಿಟಕಿ ತೆಗೆದು ಹದಿನಾಲ್ಕು ಸಾಲಿನ ಮ್ಯಾಕ್ರೋ ಬರೆದ. ಅದರ ಸಾರಾಂಶವನ್ನು ನನಗೆ ಅರ್ಥವಾಗುವ ಹಾಗೆ ಹೇಳಿದ. ಫೋಲ್ಡರ್‌ನಲ್ಲಿರುವ ಫೈಲನ್ನು ಒಂದೊಂದಾಗಿ ತೆಗೆ. ಕೊನೆಯ ಪ್ಯಾರಾದಿಂದ ಹಿಂದಕ್ಕೆ ನೋಡುತ್ತಾ ಬಾ. ಎಂಟರ್ ಒಂದು ಬಿಟ್ಟು ಇನ್ನೇನೂ ಇಲ್ಲದ ಪ್ಯಾರಾ ಸಿಕ್ಕರೆ ಅಳಿಸು. ಸೇವ್ ಮಾಡು, ಮುಚ್ಚು, ಮುಂದಿನ ಫೈಲಿಗೆ ಹೋಗು.

"ಬ್ಯಾಕಪ್ ಐತಲ್ಲ?" ಅಂದ.

"ಐತೆ, ಐತೆ" ಅಂದೆ. ನನ್ನ ಪ್ರಕಾರ ಬ್ಯಾಕಪ್ ಅಂದರೆ ದೇವರು.

ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ 63 ಫೈಲೂ ಮುಗಿದಿದ್ದವು. ಎಲ್ಲ ಒಟ್ಟು ಮಾಡಿ ಎಣಿಸಿದರೆ 90 ಪುಟ! ಅವತ್ತು ರಾತ್ರಿ ಹನ್ನೊಂದಕ್ಕೆ ಪಿಡಿಎಫ್ ಮಾಡಿ ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದೆ. "ಒಮ್ಮೆ ನೋಡಿ ಹೇಳಿ" ಎಂದು ಬರೆದು ಫೋನು ಸೈಲೆಂಟಿಗೆ ಹಾಕಿ ಮಲಗಿದೆ. ಮಲಗುವ ಮುಂಚೆ ನಾನೊಂದು ಸಲ ನೋಡಬಹುದಿತ್ತು. ನೋಡಲಿಲ್ಲ.

ಬೆಳಿಗ್ಗೆ ಆರಕ್ಕೆ ಎದ್ದಾಗ ಹದಿನೆಂಟು ಮಿಸ್ಡ್ ಕಾಲ್. ಹತ್ತೊಂಬತ್ತನೆಯದು ಬರುತ್ತಾ ಇತ್ತು. ಸಕಲೇಶಪುರದವನು.

"ಏನ್ಲಾ, ನಾನು ಯಾವಾಗ್ ಹೋದೆ?"

"ಎಲ್ಲಿಗೆ?"

"ಪುಸ್ತಕ ತೆಗ್ದು ನೋಡು. ಎಂಬತ್ತೊಂಬತ್ತನೇ ಪುಟ."

ತೆಗೆದು ನೋಡಿದೆ. ಮೇಲೆ 'ನಮ್ಮನ್ನು ಅಗಲಿದ ಗೆಳೆಯರು' ಎಂಬ ತಲೆಬರಹ. ಅದರ ಕೆಳಗೆ ಒಂಬತ್ತು ಹೆಸರು ಇರಬೇಕಿತ್ತು. ಮೂವತ್ತೊಂದು ಇದ್ದವು. ಹತ್ತನೆಯವನೇ ಈಗ ಫೋನಿನಲ್ಲಿ ಮಾತಾಡುತ್ತಿರುವವನು. ಅವನ ಹೆಸರಿನ ಮುಂದೆ 25,000 ರೂಪಾಯಿ ಎಂದು ಬೇರೆ ಇತ್ತು.

ಆದದ್ದಿಷ್ಟು. ಆ ಫೈಲು ಖಜಾಂಚಿಯದು. ಅಗಲಿದವರ ಹೆಸರು ಬರೆದು, ಎಂಟರ್ ಅದುಮಿಕೊಂಡು ಮುಂದಿನ ಪುಟಕ್ಕೆ ಹೋಗಿ, ಅಲ್ಲಿ ದಾನಿಗಳ ಪಟ್ಟಿ ಹಾಕಿದ್ದ. 'ನಮ್ಮ ದಾನಿಗಳು' ಎಂಬ ತಲೆಬರಹವನ್ನು ಮಾತ್ರ ಸಾದಾ ಅಕ್ಷರದಲ್ಲಿ ಬರೆದಿರಲಿಲ್ಲ. ದುಡ್ಡು ಕೊಟ್ಟವರು, ಚೆಂದ ಕಾಣಲಿ ಎಂದು ಬಾಳೆಹಣ್ಣಿನ ಹಾಗೆ ಬಾಗಿದ ಬಣ್ಣದ ವರ್ಡ್‌ಆರ್ಟ್ ಹಾಕಿದ್ದ. ಇಂಥ ತೇಲುವ ಚಿತ್ರಗಳೆಲ್ಲ ಯಾವುದಾದರೂ ಒಂದು ಪ್ಯಾರಾಕ್ಕೆ ಲಂಗರು ಹಾಕಿಕೊಂಡಿರುತ್ತವೆ. ಇದು ಒಂದು ಖಾಲಿ ಸಾಲಿಗೆ ಹಾಕಿಕೊಂಡಿತ್ತು. ಲಂಗರು ಬಿದ್ದ ಸಾಲನ್ನು ಅಳಿಸಿದರೆ ಚಿತ್ರವೂ ಅದರ ಜೊತೆ ಹೋಗುತ್ತದೆ. ಮ್ಯಾಕ್ರೋ ಖಾಲಿ ಸಾಲು ಅಳಿಸಿತು, ತಲೆಬರಹ ಹೋಯಿತು, ಇಪ್ಪತ್ತೆರಡು ದಾನಿಗಳು ಸೀದಾ ಮೇಲಕ್ಕೆ ಹೋದರು. ಎರಡು ಅರ್ಥದಲ್ಲೂ.

"ಗ್ರೂಪಲ್ಲಿ ಹದಿನೇಳು ಜನ ಓಂ ಶಾಂತಿ ಹಾಕವ್ರೆ. ಅದ್ರಲ್ಲಿ ಇಬ್ರು ನೆನ್ನೆ ರಾತ್ರಿ ನಮ್ಮನೇಲೇ ಊಟ ಮಾಡಿದೋರು" ಅಂದ ಅವನು.

ಗಣಿತದ ಮೇಷ್ಟ್ರದು ಮುಂದಿನ ಕರೆ. ಅವರೂ 2,000 ಕೊಟ್ಟಿದ್ದರು. ಆದರೆ ಅವರಿಗೆ ತಾವು ಸತ್ತದ್ದಕ್ಕಿಂತ ಲೆಕ್ಕದ್ದೇ ಚಿಂತೆ. "ಅಲ್ಲಯ್ಯ, ಮೊದಲನೇ ಒಂಬತ್ತು ಜನ ಪುಕ್ಕಟೆ ಹೋಗಿದಾರೆ. ಆಮೇಲಿನೋರೆಲ್ಲ ದುಡ್ಡು ಕಟ್ಟಿ ಹೋಗ್ಬೇಕಾ?" ಎಂದು ಕೇಳಿದರು. ನಗುತ್ತಿದ್ದಾರೋ ಬೈಯುತ್ತಿದ್ದಾರೋ ಎಂಟನೇ ಕ್ಲಾಸಿನಲ್ಲೂ ನನಗೆ ಗೊತ್ತಾಗುತ್ತಿರಲಿಲ್ಲ. "ತಪ್ಪಾಯ್ತು ಸಾರ್" ಅಂದೆ.

ಕವಿ ಗೆಳೆಯನ ಆರು ಚರಣದ ಪದ್ಯ ಇಪ್ಪತ್ತನಾಲ್ಕು ಸಾಲಿನ ಗೋಡೆಯಾಗಿತ್ತು. "ಉಸ್ರು ಬಿಡೋಕೆ ಒಂದ್ ಜಾಗ ಇಲ್ವಲ್ಲೋ" ಅಂದ. ಇನ್ನೊಬ್ಬಳು ನಮ್ಮ ಕಾಲದ ಬಗ್ಗೆ ಹತ್ತು ಪ್ರಶ್ನೆ ಕೇಳಿ, ಉತ್ತರ ಬರೆಯಲೆಂದು ಪ್ರತಿಯೊಂದರ ಕೆಳಗೆ ಮೂರು ಸಾಲು ಬಿಟ್ಟಿದ್ದಳು. ಈಗ ಹತ್ತೂ ಪ್ರಶ್ನೆ ಒಂದರ ಬೆನ್ನಿಗೊಂದು, ಪೊಲೀಸ್ ವಿಚಾರಣೆಯ ಹಾಗೆ. ಸಾಲಿನೊಳಗೇ ಕೂರಿಸಿದ್ದ ಫೋಟೋಗಳು ಉಳಿದಿದ್ದವು. ತೇಲಿಸಿದ್ದ ಫೋಟೋಗಳಲ್ಲಿ ಐದು ಮಾಯ.

ಇಷ್ಟಾದರೂ ಹೋಗಬೇಕಾದ ಕಸ ಪೂರ್ತಿ ಹೋಗಿತ್ತಾ? ಇಲ್ಲ. ಕೆಲವರು ಖಾಲಿ ಸಾಲಿನಲ್ಲೂ ಒಂದು ಸ್ಪೇಸ್ ಒತ್ತಿ ಮುಂದೆ ಹೋಗಿದ್ದರು. ಮ್ಯಾಕ್ರೋ ಲೆಕ್ಕದಲ್ಲಿ ಅದು ಖಾಲಿಯಲ್ಲ, ಹಾಗಾಗಿ ಮುಟ್ಟಿರಲಿಲ್ಲ. ಸಕಲೇಶಪುರದವನ ಶಿಫ್ಟ್-ಎಂಟರ್ ಲೇಖನವೂ ಐದಕ್ಕೈದು ಪುಟ ಹಾಗೇ ಇತ್ತು. ಮನುಷ್ಯ ಅಗಲಿದ್ದ, ಅವನ ಖಾಲಿ ಸಾಲುಗಳು ಚಿರಂಜೀವಿ.

ನನ್ನ ಹೆಂಡತಿ ಇದೆಲ್ಲವನ್ನೂ ಕೇಳಿ, ಏನೂ ಹೇಳದೆ, ಒಂದು ಸಲ ತನ್ನ ಕಿವಿ ಮುಟ್ಟಿಕೊಂಡಳು.

ಸೇವ್ ಮಾಡಿ ಮುಚ್ಚಿದ ಫೈಲಿಗೆ ಕಂಟ್ರೋಲ್ ಝಡ್ ಇಲ್ಲ. ಈ-ಮೇಲ್, ವಾಟ್ಸಾಪ್‌ನಲ್ಲಿ ಬಂದಿದ್ದನ್ನು ಮತ್ತೆ ಇಳಿಸಿಕೊಂಡೆ. ಪೆನ್‌ಡ್ರೈವ್‌ನವರ ಮನೆಗೆ ಸ್ಕೂಟರಿನಲ್ಲಿ ಹೋದೆ. ಹೋದ ಕಡೆಯಲ್ಲೆಲ್ಲ ಕಾಫಿ, ಕೋಡುಬಳೆ, ಮತ್ತು "ನಾನಿನ್ನೂ ಇದೀನಿ ತಾನೆ?" ಅನ್ನುವ ಒಂದು ಪ್ರಶ್ನೆ. ಈ ಸಲ ಅಕ್ಕನ ಮಗ ಮೊದಲು ಇಡೀ ಫೋಲ್ಡರ್‌ನ ಕಾಪಿ ತೆಗೆದಿಟ್ಟ. ಪದ್ಯಗಳನ್ನು, ಪಟ್ಟಿಗಳನ್ನು, ಪ್ರಶ್ನೆಗಳನ್ನು ಬೇರೆ ಫೋಲ್ಡರ್‌ಗೆ ಹಾಕಿದ. ಲಂಗರು ಇರುವ ಸಾಲನ್ನು ಮುಟ್ಟಬೇಡ ಎಂದು ಮ್ಯಾಕ್ರೋಗೆ ಎರಡು ಸಾಲು ಸೇರಿಸಿದ. ಶಿಫ್ಟ್-ಎಂಟರ್‌ಗೆ ಟೋಪಿ-ಎಲ್ ಅಂತೆ. ಎರಡು ಟೋಪಿ-ಎಲ್ ಕೊಟ್ಟು ಒಂದು ಟೋಪಿ-ಪಿ ತೆಗೆದುಕೊಂಡು ಸಕಲೇಶಪುರದ ಐದು ಪುಟವನ್ನು ಮೂರಕ್ಕೆ ಇಳಿಸಿದೆವು. ದಾನಿಗಳ ಪಟ್ಟಿಯನ್ನು ಪುಸ್ತಕದ ಮೊದಲನೇ ಪುಟಕ್ಕೆ ತಂದೆ. ಅಗಲಿದವರು ಕೊನೆಯಲ್ಲಿ. ನಡುವೆ ಎಂಬತ್ತು ಚಿಲ್ಲರೆ ಪುಟ ಅಂತರ ಇರಲಿ ಎಂದು.

ಒಟ್ಟು 89 ಪುಟವಾಯಿತು. ಖಜಾಂಚಿ ನನ್ನ ಬೆನ್ನು ತಟ್ಟಿದ. ಅವನು ಬೆನ್ನು ತಟ್ಟಿದ್ದನ್ನು 1989ರಿಂದ ಯಾರೂ ಕಂಡಿರಲಿಲ್ಲ.

ಎರಡು ದಿನ ಬಿಟ್ಟು ಪ್ರೆಸ್ಸಿನ ಹುಡುಗ ಫೋನ್ ಮಾಡಿದ.

"ಸಾರ್, 89 ಆಗದೆ. ಆರು ಫಾರಂ ಅಂದ್ರೆ 96. ಏಳು ಪುಟ ಸುಮ್ನೆ ಖಾಲಿ ಉಳೀತದೆ. ಏನಾದ್ರೂ ತುಂಬ್ಸೋದಿದ್ರೆ ಕಳ್ಸಿ."

"ಅರ್ಧ ಗಂಟೆ ಕೊಡಪ್ಪ" ಅಂದೆ. ಗಣಿತದ ಮೇಷ್ಟ್ರ ಫೈಲು ತೆಗೆದು, ಮೊದಲ ಪ್ಯಾರಾದ ಕೊನೆಗೆ ಹೋಗಿ, ಎಂಟರ್ ಮೇಲೆ ಬೆರಳಿಟ್ಟೆ.