ಕೊಲಂಬೋ ಬಂದರೆ ಮೊದಲು ಅಪ್ಪನನ್ನೇ ಹಿಡಿಯುತ್ತಾನೆ

ಪತ್ತೇದಾರಿ ಧಾರಾವಾಹಿ ನೋಡೋದಕ್ಕೆ ನಮ್ಮ ಮನೆಯಷ್ಟು ನಾಲಾಯಕ್ಕು ಜಾಗ ಇನ್ನೊಂದಿಲ್ಲ. ಅಮ್ಮ ಮುಖ ನೋಡಿಯೇ ಕೊಲೆಗಾರನನ್ನು ಹಿಡಿಯುತ್ತಾಳೆ. ‘ಇವನೇ ಕಣೋ, ಹುಬ್ಬು ಕೂಡಿದೆ ನೋಡು’ ಅಂತ ಹೆಸರುಗಳು ಬಂದು ಮುಗಿಯೋ ಮೊದಲೇ ತೀರ್ಪು ಹೊರಬೀಳುತ್ತದೆ. ದುರಂತ ಏನೆಂದರೆ ಸಾಮಾನ್ಯವಾಗಿ ಅವನೇ ಆಗಿರುತ್ತಾನೆ. ಅಪ್ಪನದು ಇನ್ನೊಂದು ಬಗೆ. ಹೆಣ ಬೀಳುವ ತನಕ ಕಣ್ಣು ಬಿಟ್ಟುಕೊಂಡಿದ್ದು, ವಿಚಾರಣೆ ಶುರುವಾದ ಕೂಡಲೇ ಗೊರಕೆ ತೆಗೆದು, ಕೈಗೆ ಬೇಡಿ ಬೀಳುವ ಹೊತ್ತಿಗೆ ಎದ್ದು ಕೂತು, ಕಥೆ ಮೊದಲಿಂದ ಹೇಳು ಅನ್ನುತ್ತಾರೆ.

ಅದಕ್ಕೇ ‘ಕೊಲಂಬೋ’ ಹಾಕಿದೆ. ಈ ಅಮೆರಿಕನ್ ಸರಣಿಯಲ್ಲಿ ಕೊಂದವರು ಯಾರು ಅನ್ನುವ ಗುಟ್ಟೇ ಇಲ್ಲ. ಯಾರು, ಯಾರನ್ನ, ಹೇಗೆ ಕೊಂದರು ಅಂತ ಮೊದಲೇ ತೋರಿಸಿಬಿಡುತ್ತಾರೆ. ಆಮೇಲೆ ಮುದುರಿದ ರೇನ್‌ಕೋಟು ಹಾಕಿಕೊಂಡ ಪೊಲೀಸ್ ಲೆಫ್ಟಿನೆಂಟ್ ಕೊಲಂಬೋ ಚುಟ್ಟಾ ಹಿಡಿದು ಬರುತ್ತಾನೆ. ಅವನು ಕೊಲೆಗಾರನ ತಲೆ ತಿನ್ನುವುದೇ ಉಳಿದ ಕಥೆ. (ಆ ರೇನ್‌ಕೋಟು ನಟ ಪೀಟರ್ ಫಾಲ್ಕ್ ಮನೆಯಿಂದಲೇ ತಂದದ್ದು. ನಿರ್ಮಾಪಕರಿಗೆ ಉಳಿತಾಯ.) ಅಮ್ಮನಿಗೆ ಪತ್ತೆ ಹಚ್ಚಲು ಏನೂ ಇರುವುದಿಲ್ಲ, ಅಪ್ಪ ನಡುವೆ ನಿದ್ದೆ ಹೊಡೆದರೂ ನಷ್ಟವಿಲ್ಲ ಅಂದುಕೊಂಡೆ.

ನೋಡಿದ ಕಂತು ‘ಮರ್ಡರ್ ಬೈ ದಿ ಬುಕ್’. 1971ರ ಸೆಪ್ಟೆಂಬರ್ 15ಕ್ಕೆ ಅಮೆರಿಕದ ಎನ್‌ಬಿಸಿ ಚಾನೆಲ್ಲಿನಲ್ಲಿ ಬಂದ, ಮೊದಲ ಸೀಸನ್ನಿನ ಮೊದಲ ಕಂತು. ನಿರ್ದೇಶಕ ಆಗ 24ರ ಹುಡುಗ, ಹೆಸರು ಸ್ಟೀವನ್ ಸ್ಪಿಲ್‌ಬರ್ಗ್. ‘ಜಾಸ್’ ಸಿನಿಮಾದಲ್ಲಿ ಶಾರ್ಕ್ ಛೂ ಬಿಟ್ಟು ಲೋಕವನ್ನೇ ಹೆದರಿಸುವುದಕ್ಕೆ ಇನ್ನೂ ನಾಲ್ಕು ವರ್ಷ ಬಾಕಿಯಿತ್ತು. ಶುರುವಾಗುವುದೇ ಟೈಪ್‌ರೈಟರ್ ಸದ್ದಿನಿಂದ. ಟಕಟಕ ಕೇಳಿದ್ದೇ ಅಪ್ಪ ನೆಟ್ಟಗಾದರು. ಬ್ಯಾಂಕಿನಲ್ಲಿ ಜೀವ ಸವೆಸಿದವರು; ಅದು ಯಾವ ಕಂಪನಿಯ ಮೆಷಿನ್ ಅನ್ನುವ ಭಾಷಣ ಮುಗಿಯುವಷ್ಟರಲ್ಲಿ ಕಾರಿನಲ್ಲಿ ಯಾರೋ ಬಂದು ಇಳಿದಾಗಿತ್ತು.

ಇಬ್ಬರು ಲೇಖಕರು ಸೇರಿ ಪತ್ತೇದಾರಿ ಕಾದಂಬರಿ ಬರೆಯುತ್ತಿರುತ್ತಾರೆ. ಸೇರಿ ಅನ್ನುವುದು ಹೆಸರಿಗೆ. ಬರೆಯುವವನು ಜಿಮ್ ಫೆರಿಸ್. ಕೆನ್ ಫ್ರಾಂಕ್ಲಿನ್ ಒಳ್ಳೆ ಸೂಟು ಹಾಕಿಕೊಂಡು ಸಂದರ್ಶನ ಕೊಡುವವನು. ಇನ್ನು ನಾನು ಒಬ್ಬನೇ ಬರೀತೀನಿ ಅಂತ ಜಿಮ್ ಹೇಳಿದ ಮೇಲೆ ಕೆನ್ ಅವನನ್ನು ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯಾಗೋ ಕಡೆ ತನ್ನ ಕ್ಯಾಬಿನ್ನಿಗೆ ಕರೆದೊಯ್ಯುತ್ತಾನೆ. ‘ಆಫೀಸಲ್ಲೇ ಇದೀನಿ, ಲೇಟಾಗುತ್ತೆ’ ಅಂತ ಹೆಂಡತಿಗೆ ಫೋನ್ ಮಾಡಿಸಿ, ಮಾತಾಡುತ್ತಿರುವಾಗಲೇ ಗುಂಡು ಹೊಡೆಯುತ್ತಾನೆ. ಗುಂಡಿನ ಸದ್ದು ಕಿವಿಯಾರೆ ಕೇಳಿದ ಆಕೆ, ಗಂಡ ಆಫೀಸಿನಲ್ಲೇ ಸತ್ತ ಅಂತ ನಂಬುತ್ತಾಳೆ. ಕೆನ್ ಅಷ್ಟು ದೂರದಲ್ಲಿದ್ದ ಅನ್ನುವುದಕ್ಕೆ ಅವಳೇ ಸಾಕ್ಷಿ.

‘ಭೇಷ್’ ಅಂದರು ಅಪ್ಪ. ಆ ಮೆಚ್ಚುಗೆಯ ಹಿಂದಿದ್ದುದೇನು ಅಂತ ನನಗೆ ಆಗ ಹೊಳೆಯಲಿಲ್ಲ.

ಅಮ್ಮನಿಗೆ ಇಂಗ್ಲಿಷ್ ವೇಗವಾಗಿ ಹೋದರೆ ಕಷ್ಟ, ಹಾಗಾಗಿ ಅಪ್ಪ ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳುತ್ತಿದ್ದರು, ನಡುನಡುವೆ ತಮ್ಮ ಅಭಿಪ್ರಾಯ ಸೇರಿಸಿ. ಯಾವುದು ಸಂಭಾಷಣೆ, ಯಾವುದು ಅಪ್ಪ ಅಂತ ಗೊತ್ತಾಗುತ್ತಿರಲಿಲ್ಲ. ಹೀಗಿರುವಾಗ ಕೊಲಂಬೋ ಬಂದ. ಗಂಡನನ್ನು ಕಳೆದುಕೊಂಡವಳನ್ನು ಮನೆಗೆ ಕರೆತಂದು, ಪಾಪ ಏನೂ ತಿಂದಿಲ್ಲ ಅಂತ ಅವಳ ಅಡುಗೆಮನೆಗೇ ನುಗ್ಗಿ ಆಮ್ಲೆಟ್ ಮಾಡಲು ನಿಂತ. ಅಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು.

‘ಸೂತಕದ ಮನೇಲಿ ಒಲೆ ಹಚ್ಚಿದ್ದೂ ಅಲ್ದೆ, ಮೊಟ್ಟೇನಾ?’

ಪಕ್ಕದ ಮನೆಯವರು ಅನ್ನ ಸಾರು ತಂದುಕೊಡಬೇಕಿತ್ತು, ಅಮೆರಿಕದಲ್ಲಿ ಅಕ್ಕಪಕ್ಕ ಅನ್ನೋದೇ ಇಲ್ಲವಾ ಅನ್ನುವ ಚರ್ಚೆಯಲ್ಲಿ ಒಂದು ಮುಖ್ಯ ಸುಳಿವು ಕೊಚ್ಚಿಕೊಂಡು ಹೋಯಿತು. ರಿಮೋಟ್ ಒತ್ತಿ ಹಿಂದಕ್ಕೆ ಹೋದೆ. ಮತ್ತೆ ಆಮ್ಲೆಟ್ ಬಂತು. ಮತ್ತೆ ಚರ್ಚೆ.

ಆಮೇಲೆ ಕೊಲಂಬೋ ಒಂದೊಂದೇ ಅನುಮಾನ ಎತ್ತುತ್ತಾ ಹೋದ ಹಾಗೆ ನನಗೆ ಬೆವರು ಇಳಿಯಿತು. ಅವನಿಗೆ ವಿಚಿತ್ರ ಅನ್ನಿಸಿದ್ದೆಲ್ಲ ನಮ್ಮ ಮನೆಯ ನಿತ್ಯದ ಕೆಲಸ. ಕೆನ್ ತಾನೇ ಕಾರಿನಲ್ಲಿ ತಂದು ಹಾಕಿದ ಹೆಣ ತನ್ನ ಮನೆ ಮುಂದಿನ ಹುಲ್ಲಿನ ಮೇಲೆ ‘ಸಿಕ್ಕಿತು’ ಅಂತ ಪೊಲೀಸರಿಗೆ ಹೇಳಿದ ಮೇಲೆ, ಸುಮ್ಮನೆ ಕೂತು ಟಪಾಲು ಒಡೆದು ಬಿಲ್ಲು ನೋಡಿರುತ್ತಾನೆ. ಗೆಳೆಯನ ಹೆಣದ ಪಕ್ಕದಲ್ಲಿ ಬಿಲ್ಲು ನೋಡುವವನು ಎಂಥ ಮನುಷ್ಯ ಅನ್ನುವುದು ಕೊಲಂಬೋ ತಲೆ ಕೊರೆಯುವ ಪ್ರಶ್ನೆ. ಅಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

‘ಮತ್ತೆ? ಕೊನೇ ತಾರೀಖು ಮೀರಿದ್ರೆ ಫೈನ್ ಯಾರು ಕಟ್ತಾರೆ?’

ಅಜ್ಜ ತೀರಿಕೊಂಡ ದಿನ ಪುರೋಹಿತರು ಬರುವುದು ತಡ ಅಂತ ಗೊತ್ತಾದಾಗ ಅಪ್ಪ ಕರೆಂಟ್ ಬಿಲ್ ಕಟ್ಟಿ ಬಂದದ್ದು ನೆನಪಾಯಿತು. ನಮ್ಮ ಬೀದಿಯಲ್ಲಿ ಆಗ ಕೊಲಂಬೋ ಇರಲಿಲ್ಲ, ಬದುಕಿಕೊಂಡೆವು.

ಇನ್ನೊಂದು ಅನುಮಾನ: ಜೊತೆಗಾರನಿಗೆ ಹೀಗಾಗಿದೆ ಅಂತ ಗೊತ್ತಾದ ಕೂಡಲೇ ವಿಮಾನ ಹತ್ತುವುದು ಬಿಟ್ಟು ಕಾರು ಓಡಿಸಿಕೊಂಡು ಬಂದದ್ದೇಕೆ? ಅಪ್ಪ ಫೋನಿನಲ್ಲಿ ದೂರ ನೋಡಿದರು. ಸುಮಾರು 200 ಕಿಲೋಮೀಟರು. ‘ಇಷ್ಟಕ್ಕೆ ವಿಮಾನದಲ್ಲಿ ಬಂದಿದ್ರೆ ನಾನು ಅನುಮಾನ ಪಡ್ತಿದ್ದೆ’ ಅಂತ ಕೊಲೆಗಾರನ ಪರ ವಕಾಲತ್ತು ಮುಂದುವರಿಯಿತು.

ಅಷ್ಟರಲ್ಲಿ ಗ್ಯಾಸ್ ಸಿಲಿಂಡರ್ ತಂದ ಹುಡುಗ ಬಾಗಿಲಲ್ಲಿ ನಿಂತಿದ್ದ. ಸಿಲಿಂಡರ್ ಹೆಗಲ ಮೇಲೇ ಇದೆ, ಕಣ್ಣು ಟಿವಿಯಲ್ಲಿದೆ. ಪರದೆಯಲ್ಲಿ ಕ್ಯಾಬಿನ್ ಹತ್ತಿರದ ಅಂಗಡಿಯಾಕೆ ಲಿಲಿ, ಆ ದಿನ ಕಾರಿನಲ್ಲಿ ಜಿಮ್‌ನನ್ನು ಕಂಡಿದ್ದೆ ಅಂತ ನಗುನಗುತ್ತಲೇ ಹೇಳಿ, 15,000 ಡಾಲರ್ ಕೇಳುತ್ತಿದ್ದಳು.

‘ಎಷ್ಟಾಯ್ತು ಸಾರ್ ನಮ್ ದುಡ್ಡಲ್ಲಿ?’

ಇಂಥ ಪ್ರಶ್ನೆಗೇ ಅಪ್ಪ ಹುಟ್ಟಿದ್ದು. ಆಗ ಡಾಲರಿಗೆ ಏಳೂವರೆ ರೂಪಾಯಿ, ಅಂದರೆ 1,12,500. ಆ ಕಾಲಕ್ಕೆ ಅಷ್ಟಕ್ಕೆ ಎಷ್ಟು ಸೈಟು ಬರುತ್ತಿತ್ತು ಅಂತ ಲೆಕ್ಕ ಒಪ್ಪಿಸುವಷ್ಟರಲ್ಲಿ ಕೆನ್ ಅವಳ ತಲೆಗೆ ಶಾಂಪೇನ್ ಬಾಟಲಿ ಬೀಸಿ, ಹೆಣವನ್ನು ಕೆರೆಗೆ ಒಯ್ದು ದೋಣಿ ಮಗುಚಿಯಾಗಿತ್ತು. ಹುಡುಗ ಸಿಲಿಂಡರ್ ಇಳಿಸಿ, ‘ಅಷ್ಟು ಕೇಳಬಾರ್ದಿತ್ತು ಬಿಡಿ ಸಾರ್, ಕಂತಲ್ಲಿ ಇಸ್ಕೋಬೇಕಿತ್ತು’ ಅಂದು ಸಹಿ ಹಾಕಿಸಿಕೊಂಡು ಹೋದ.

ಕೊಲಂಬೋನ ನಿಜವಾದ ಅಸ್ತ್ರ ಬಾಗಿಲು. ಎಲ್ಲ ಕೇಳಿ ಮುಗಿಸಿ ಹೊರಟಂತೆ ಮಾಡಿ, ಎದುರಿನವನು ಉಸಿರು ಬಿಟ್ಟ ಕ್ಷಣ ತಿರುಗಿ ನಿಂತು ‘ಇನ್ನೊಂದು ವಿಷಯ’ ಅನ್ನುತ್ತಾನೆ. ಲಾಸ್ ಏಂಜಲೀಸಿನ ಶ್ರೀಮಂತರು ಅದಕ್ಕೆ ಬೆಚ್ಚುತ್ತಾರೆ. ನಮಗೇನು ಹೊಸದು? ಕುಂಕುಮ ಇಟ್ಟುಕೊಂಡು, ಎಲೆ ಅಡಿಕೆ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಗೇಟಿನ ಚಿಲಕದ ಮೇಲೆ ಕೈಯಿಟ್ಟ ಮೇಲೆ ‘ಅಂದ ಹಾಗೆ, ಮಗಳ ಜಾತಕ ಎಲ್ಲೋ ಕೂಡಿ ಬಂದಿತ್ತಲ್ಲ, ಏನಾಯ್ತು?’ ಅನ್ನುವ ಅತ್ತೆಯಂದಿರು ನಮ್ಮಲ್ಲಿ ಕುಟುಂಬಕ್ಕೆ ನಾಲ್ಕು ಜನ ಇದ್ದಾರೆ. ಅಮ್ಮ ಅವರನ್ನೆಲ್ಲ ಎದುರಿಸಿ ಗೆದ್ದವಳು. ಆದರೂ ಕೊಲಂಬೋ ತಿರುಗಿ ನಿಂತಾಗಲೆಲ್ಲ ಅವಳು ವಿದ್ಯಾರ್ಥಿಯ ಶ್ರದ್ಧೆಯಲ್ಲಿ ನೋಡುತ್ತಿದ್ದಳು.

ಕೊನೆಗೆ ಕೆನ್ ಸಿಕ್ಕಿಬೀಳುವ ರೀತಿ ಮಜವಾಗಿದೆ. ಸತ್ತ ಜಿಮ್‌ನ ಕಾಗದಗಳಲ್ಲಿ ಬರೆಯದೆ ಉಳಿದ ಒಂದು ಕಥೆಯ ಟಿಪ್ಪಣಿ ಕೊಲಂಬೋಗೆ ಸಿಗುತ್ತದೆ: ದೂರದ ಮನೆಗೆ ಕರೆದೊಯ್ಯುವುದು, ಹೆಂಡತಿಗೆ ಫೋನ್ ಮಾಡಿಸುವುದು, ಗುಂಡು ಹೊಡೆಯುವುದು. ಎರಡನೇ ಕೊಲೆ ಒರಟೊರಟು, ಮೊದಲನೆಯದು ಜಾಣತನದ್ದು. ಇಷ್ಟು ಬುದ್ಧಿ ಕೆನ್‌ಗೆ ಇರಲಿಕ್ಕಿಲ್ಲ, ಬೇರೆಯವರದೇ ಇರಬೇಕು ಅಂತ ಅವನ ಲೆಕ್ಕ. ಕೆನ್‌ಗೆ ಅಲ್ಲಿ ಚುಚ್ಚುತ್ತದೆ. ಆ ಉಪಾಯವೂ ನನ್ನದೇ, ನಾನೇ ಅವನಿಗೆ ವರ್ಷಗಳ ಹಿಂದೆ ಹೇಳಿದ್ದು, ನನಗೆ ಹೊಳೆದ ಒಂದೇ ಒಂದು ಒಳ್ಳೇ ಐಡಿಯಾ ಅದು ಅನ್ನುತ್ತಾನೆ. ಅಪ್ಪ ಅಷ್ಟು ಹೊತ್ತಿಗೆ ಗೊರಕೆಯಲ್ಲಿದ್ದರು. ಅಮ್ಮ ಅವರನ್ನು ಎಬ್ಬಿಸಲಿಲ್ಲ.

ಮಾರನೇ ದಿನ ಸಂಜೆ ಅಪ್ಪ ವಾಕಿಂಗ್ ಹೋದವರು ಎಂದಿನಂತೆ ಫೋನ್ ಮಾಡಿದರು. ‘ಪಾರ್ಕಲ್ಲೇ ಇದೀನಿ, ಇನ್ನೊಂದು ಸುತ್ತು ಹಾಕಿ ಬರ್ತೀನಿ.’ ಸಕ್ಕರೆ ಕಾಯಿಲೆ ಶುರುವಾದ ಮೇಲೆ ಈ ಫೋನು ದಿನಾ ಬರುತ್ತದೆ. ಹಿಂದುಗಡೆ ಪಾತ್ರೆ ಸದ್ದು ಕೇಳಿದ ಹಾಗಿತ್ತು.

ಮನೆಗೆ ಬಂದ ಅಪ್ಪನಿಗೆ ಅಮ್ಮ ನೀರು ಕೊಟ್ಟಳು, ಫ್ಯಾನ್ ಹಾಕಿದಳು, ಏನೂ ಕೇಳಲಿಲ್ಲ. ಅಡುಗೆಮನೆಯ ಹೊಸಿಲ ತನಕ ಹೋಗಿ ನಿಂತಳು.

‘ಅಂದ ಹಾಗೆ, ಪಾರ್ಕಲ್ಲಿದೀನಿ ಅಂತ ದರ್ಶಿನಿಯಿಂದ ಫೋನ್ ಮಾಡೋ ಉಪಾಯ ಚೆನ್ನಾಗಿದೆ. ಆ ರಿಟೈರ್ಡ್ ಹೆಡ್‌ಮಾಸ್ಟರ್ರು ಹೇಳಿಕೊಟ್ಟಿದ್ದಿರಬೇಕು. ಅವರು ಭಾರಿ ಬುದ್ಧಿವಂತರು.’

ಅಪ್ಪನ ಮುಖ ಕೆಂಪಾಯಿತು.

‘ಯಾರು, ಅವನಾ? ಫೋನಲ್ಲಿ ನಂಬರ್ ಸೇವ್ ಮಾಡೋಕೂ ಬರಲ್ಲ ಅವನಿಗೆ. ಅದು ನನ್ನ ಐಡಿಯಾ! ಅವನೇ ನನ್ನಿಂದ ಕಲಿತದ್ದು!’

‘ಖಾಲಿ ದೋಸೇನೋ, ಮಸಾಲೇನೋ?’ ಅಂತ ಕೇಳಿದಳು ಅಮ್ಮ, ರಾತ್ರಿಯ ಗಂಜಿಗೆ ನೀರಿಡುತ್ತಾ.