ಒಂದು ಪುಸ್ತಕ, ಏಳು ಜಾತಕ

ಇವತ್ತು ಬೆಳಿಗ್ಗೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಗ್ರಂಥಾಲಯಗಳೆಲ್ಲ ಸೇರಿ ಬಳಸುವ ಕ್ಯಾಟಲಾಗಿನಲ್ಲಿ ಗದುಗಿನ ಭಾರತ ಹುಡುಕಿದರೆ ಏಳು ದಾಖಲೆ ಸಿಕ್ಕವು. ಏಳೂ ಒಂದೇ ಪ್ರಕಾಶಕರವು, ಒಂದೇ ವರ್ಷದವು, ಒಂದೇ ಮುದ್ರಣದವು. ಮದುವೆ ದಲ್ಲಾಳಿ ಒಬ್ಬನೇ ವರನಿಗೆ ಏಳು ಜಾತಕ ಬರೆಸಿ ಏಳು ಊರಿಗೆ ಕಳಿಸಿದ ಹಾಗೆ. ಹುಬ್ಬಳ್ಳಿಯ ಓದುಗನ ಕಣ್ಣಿಗೆ ಬಿದ್ದ ಜಾತಕದಲ್ಲಿ ‘ಪ್ರತಿ ಹೊರಗಿದೆ’ ಎಂದಿದೆ, ಪಾಪ, ಅವನು ಪಾಳಿ ಹಚ್ಚಿ ಕೂತಿದ್ದಾನೆ. ಅದೇ ಪುಸ್ತಕದ ಎರಡು ಪ್ರತಿ ಇನ್ನೊಂದು ಜಾತಕದ ಕೆಳಗೆ ಗದಗಿನ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ಬಸ್ಸು ಹತ್ತಿದರೆ ಮುಗಿಯುವ ದಾರಿ. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅವು ಬೇರೆಬೇರೆ ಪುಸ್ತಕ, ಒಂದಕ್ಕೊಂದು ಪರಿಚಯವೇ ಇಲ್ಲ. ಓದುಗನ ಸಮಯ ಉಳಿಸಿ ಎಂಬುದು ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರು 1931ರಲ್ಲಿ ಬರೆದಿಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಪ್ರತಿ ಆಗಸ್ಟ್ 12ಕ್ಕೆ, ಗ್ರಂಥಪಾಲಕರ ದಿನದಂದು, ಅವರ ಫೋಟೋಕ್ಕೆ ಮಾಲೆ ಹಾಕುತ್ತೇವೆ. ಮಾಲೆಯ ವಿಷಯದಲ್ಲಿ ನಮ್ಮದೇನೂ ಕೊರತೆಯಿಲ್ಲ.

ಏಳು ಹೇಗಾದವು? ಒಬ್ಬರು ರಟ್ಟು ನೋಡಿ ‘ಗದುಗಿನ ಭಾರತ’ ಎಂದು ಹೊಡೆದರು. ಇನ್ನೊಬ್ಬರು ಬೆನ್ನು ನೋಡಿ ‘ಕುಮಾರವ್ಯಾಸ ಭಾರತ’ ಎಂದರು. ಮೂರನೆಯವರು ಮಾತ್ರ ಪುಸ್ತಕ ತೆರೆಯುವ ತ್ರಾಸು ತೆಗೆದುಕೊಂಡು, ಒಳಗಿನ ಶೀರ್ಷಿಕೆ ಪುಟದಲ್ಲಿದ್ದಂತೆ ‘ಕರ್ಣಾಟ ಭಾರತ ಕಥಾಮಂಜರಿ’ ಎಂದು ಬರೆದರು. ನಿಯಮದ ಪ್ರಕಾರ ಸರಿ ಇವರದೇ. ದಾಖಲೆಯಲ್ಲಿ ಒಂದೊಂದು ವಿವರಕ್ಕೂ ನಂಬರು ಹಾಕಿದ ಖಾನೆಯಿದೆ, ಅದಕ್ಕೆ ಟ್ಯಾಗ್ ಎನ್ನುತ್ತಾರೆ: ಶೀರ್ಷಿಕೆ ಪುಟದ ಹೆಸರು 245ನೇ ಟ್ಯಾಗಿಗೆ, ರಟ್ಟಿನದೂ ಬೆನ್ನಿನದೂ 246ಕ್ಕೆ. ಬೇರೆಬೇರೆ ಸಂಪಾದಕರ ಆವೃತ್ತಿಗಳನ್ನು ಒಂದು ಸೂರಿನಡಿ ಕೂಡಿಸುವ ಏಕರೂಪ ಶೀರ್ಷಿಕೆ 240ಕ್ಕೆ. ಇನ್ನು ಲೇಖಕರ ಜಾಗದಲ್ಲಿ ಒಮ್ಮೆ ಕುಮಾರವ್ಯಾಸ, ಒಮ್ಮೆ ನಾರಣಪ್ಪ, ಒಮ್ಮೆ ಗದುಗಿನ ನಾರಣಪ್ಪ. ವೀರನಾರಾಯಣ ಗುಡಿಯ ಹತ್ತಿರ ಹೂವು ಮಾರುವಾಕೆಗೂ ಈ ಮೂವರು ಒಬ್ಬರೇ ಎಂದು ಗೊತ್ತಿದ್ದೀತು. ದಾಖಲೆ ಬರೆಯುವ ಕಂಪ್ಯೂಟರ್ ನಮೂನೆಯಾದ ಮಾರ್ಕ್ 21ಕ್ಕೆ ನಾವು ಹೇಳುವ ತನಕ ಗೊತ್ತಿಲ್ಲ.

ಕ್ಯಾಟಲಾಗು ನಡೆಸುವ ಕೋಹಾ ತಂತ್ರಾಂಶವನ್ನು ಬೈಯುವಂತಿಲ್ಲ. ಕೋಹಾ ಎಂಬುದು ಮಾವೊರಿ ಮಾತು, ಕಾಣಿಕೆ ಎಂದು ಅರ್ಥ. 2000ದಲ್ಲಿ ನ್ಯೂಜಿಲೆಂಡಿನ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಕೆಲಸ ಶುರು ಮಾಡಿದ್ದು. ಬಿಟ್ಟಿ ಸಿಕ್ಕರೂ ಭಾಳ ಮರ್ಯಾದಸ್ಥ. ಹೊಸ ದಾಖಲೆ ಉಳಿಸುವ ಮೊದಲು ಒಳಗೆ ಹೋಗಿ ಒಮ್ಮೆ ತಡಕಾಡಿ ಬರುತ್ತದೆ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇದ್ದರೆ ಅದರಿಂದ, ಇಲ್ಲದಿದ್ದರೆ ಶೀರ್ಷಿಕೆ ಮತ್ತು ಲೇಖಕರ ಹೆಸರಿನಿಂದ. ಅಂಥದ್ದೇ ಒಂದು ಕಂಡರೆ ತೆರೆಯ ಮೇಲೆ ಕೇಳುತ್ತದೆ: ಇದು ಅದರ ನಕಲು ಇರಬಹುದೆ? ಉತ್ತರ ಎರಡೇ. ‘ಹೌದು’ ಎಂದರೆ ಇದ್ದ ದಾಖಲೆಗೆ ನಿಮ್ಮ ಪ್ರತಿ ಸೇರಿಸಬಹುದು. ‘ಇಲ್ಲ’ ಎಂದರೆ ಹೊಸ ದಾಖಲೆ ಹುಟ್ಟುತ್ತದೆ.

ಎಲ್ಲ ಗ್ರಂಥಾಲಯದಲ್ಲೂ ‘ಇಲ್ಲ’ ಒತ್ತುವವರೊಬ್ಬರು ಇರುತ್ತಾರೆ. ಮನುಷ್ಯ ಕೆಟ್ಟವರಲ್ಲ. ಸಂಜೆ ನಾಲ್ಕಕ್ಕೆ ತಾವಾಗಿ ಗಿರ್ಮಿಟ್ ಮಿರ್ಚಿ ತರಿಸಿ ಎಲ್ಲರಿಗೂ ಹಂಚುತ್ತಾರೆ. ಆದರೆ ಆ ಪ್ರಶ್ನೆ ತೆರೆಗೆ ಬರುವ ಮೊದಲೇ ಇವರ ಮೌಸು ‘ಇಲ್ಲ’ ಮೂಡುವ ಜಾಗದಲ್ಲಿ ಹೋಗಿ ಕಾಯುತ್ತಿರುತ್ತದೆ, ಬಸ್ಸು ಬರುವ ಮೊದಲೇ ಕಿಟಕಿಗೆ ಗುರಿಯಿಟ್ಟು ನಿಂತ ಟವೆಲಿನ ಹಾಗೆ. ಪ್ರಶ್ನೆ ಓದಿದ್ದನ್ನು ಕಂಡವರಿಲ್ಲ. ಯಾಕ್ರೀ ಸರ ಎಂದರೆ ಉತ್ತರ ತಯಾರಿದೆ: “ಅದು ಅವರ ಬುಕ್ಕರೀ, ಇದು ನಮ್ಮದು. ನಮ್ಮ ಸಿಕ್ಕಾ ಐತಿ ನೋಡ್ರಿ ಇದರ ಮ್ಯಾಲೆ.”

ದಾಖಲೆ ಆವೃತ್ತಿಗೆ ಸೇರಿದ್ದು, ಪ್ರತಿಗಲ್ಲ ಎಂದು ಇವರಿಗೆ ತಿಳಿಸಲು ರೇಷನ್ ಕಾರ್ಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ ಎಂದುಕೊಂಡಿದ್ದೆ. ಒಂದು ಮನೆಗೆ ಒಂದು ಕಾರ್ಡು, ಕೂಸು ಹುಟ್ಟಿದರೆ ಅದರಲ್ಲೇ ಒಂದು ಹೆಸರು ಸೇರಿಸುತ್ತಾರೆ, ಕೂಸಿಗೊಂದು ಕಾರ್ಡು ಮಾಡಿಸುವುದಿಲ್ಲ. ನಿಮ್ಮ ಸಿಕ್ಕಾ, ನಿಮ್ಮ ಅಕ್ಸೆಶನ್ ನಂಬರು (ಪ್ರತಿಗೆ ಹಾಕುವ ದಾಖಲಾತಿ ಸಂಖ್ಯೆ), ಬೆಲೆ, ಯಾವ ಕಪಾಟು ಎಲ್ಲ ಪ್ರತಿಯ ಟ್ಯಾಗಾದ 952ರಲ್ಲಿ ಬರುತ್ತದೆ, ಮೇಲಿನದು ಎಲ್ಲರಿಗೂ ಒಂದೇ. ಅವರು ತಲೆಯಾಡಿಸಿ ಪೂರ್ತಿ ಕೇಳಿದರು. ಕೇಳಿ ಅಂದರು: “ಖರೆ ಅದರೀ. ಆದ್ರ ಬ್ಯಾರೆ ಕಾರ್ಡ್ ಮಾಡಿಸಿದ್ರ ಬ್ಯಾರೆ ಅಕ್ಕಿ ಬರ್ತಾವಲ್ಲ?”

ಅಕ್ಕಿಯ ಮಾತು ತಮಾಷೆಯಲ್ಲ. ಇದ್ದ ದಾಖಲೆಗೆ ಪ್ರತಿ ಸೇರಿಸಿದ್ದು ತಿಂಗಳ ವರದಿಯಲ್ಲಿ ಕಾಣುವುದಿಲ್ಲ. ಹೊಸ ದಾಖಲೆಯಾದರೆ ಎದ್ದು ಕಾಣುತ್ತದೆ. ಡೇಟಾ ಎಂಟ್ರಿ ಗುತ್ತಿಗೆಗೆ ದಾಖಲೆಗಿಷ್ಟು ಎಂದು ದರ ಗೊತ್ತು ಮಾಡಿದ ಕಡೆಯಂತೂ ‘ಹೌದು’ ಒತ್ತುವುದೆಂದರೆ ಕೈಯಿಂದ ದುಡ್ಡು ಬಿಟ್ಟ ಹಾಗೆ. ಮೇಲಾಗಿ ಸಗಟು ಖರೀದಿಯಲ್ಲಿ ಒಂದೇ ಪುಸ್ತಕ ಊರೂರಿಗೂ ಒಂದೇ ವಾರ ಬಂದಿಳಿಯುತ್ತದೆ, ಎಲ್ಲರೂ ಒಂದೇ ವಾರ ಕೂತು ಅದನ್ನೇ ಹೊಡೆಯುತ್ತಾರೆ. ವರದಿಯಲ್ಲಿ ಪ್ರತಿಗಳನ್ನೂ ಎಣಿಸಿದರೆ ಅರ್ಧ ರೋಗ ಅಲ್ಲೇ ವಾಸಿ ಎಂಬುದು ನನ್ನ ಅಂದಾಜು. ಆ ವರದಿಯ ನಮೂನೆ ಬದಲಿಸುವವರು ಯಾರು ಎಂದು ಕೇಳಬೇಡಿ.

ಇಲ್ಲ ಒತ್ತುವವರನ್ನಾದರೂ ಚಹಾ ಕುಡಿಸಿ ದಾರಿಗೆ ತರಬಹುದು. ಕೋಹಾ ಪ್ರಶ್ನೆಯನ್ನೇ ಕೇಳದ ಪ್ರಸಂಗ ಇನ್ನೊಂದಿದೆ. ‘ಸಂಗ್ರಹ’, ‘ಸ೦ಗ್ರಹ’. ಈ ಎರಡನ್ನೂ ಇನ್ನೊಮ್ಮೆ ನೋಡಿ. ಕನ್ನಡಕ ಒರೆಸಿಕೊಂಡು ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿಯ ಸೊನ್ನೆ. ಯೂನಿಕೋಡ್ ಎಂಬ ಓಣಿಯಲ್ಲಿ ಅನುಸ್ವಾರದ ಮನೆ ನಂಬರು 0ಸಿ82, ಸೊನ್ನೆಯದು 0ಸಿಇ6. ಓದುವವರಿಗೆ ಎರಡೂ ದುಂಡಗೆ, ಎರಡೂ ಒಂದೇ. ಕಂಪ್ಯೂಟರು ಮಾತ್ರ ಎರಡನೆಯದನ್ನು ‘ಸ, ಸೊನ್ನೆ, ಗ್ರಹ’ ಎಂದು ಓದಿಕೊಂಡು, ಇಂಥ ಪುಸ್ತಕ ನಮ್ಮಲ್ಲಿಲ್ಲ ಎಂದು ಕೈ ಮುಗಿಯುತ್ತದೆ. ಐಎಸ್‌ಬಿಎನ್ ಇಲ್ಲದ ಹಳೆಯ ಪುಸ್ತಕಗಳಿಗೆ ಶೀರ್ಷಿಕೆಯೇ ಆಧಾರ, ಅದರ ನಡುವೆಯೇ ಸೊನ್ನೆ ಕೂತರೆ ನಕಲಿಗೆ ಹೆದ್ದಾರಿ ತೆರೆದಂತೆ. ಎರಡೂ ದಾಖಲೆ ಒಂದರ ಕೆಳಗೊಂದು ಇಟ್ಟುಕೊಂಡು, ಎಲ್ಲಿ ವ್ಯತ್ಯಾಸ, ಎಲ್ಲಿ ವ್ಯತ್ಯಾಸ ಎಂದು ಅರ್ಧ ತಾಸು ದಿಟ್ಟಿಸಿದ ಮೇಲೆ ಕ್ಯಾಟಲಾಗರನಿಗೆ ತನ್ನ ಕಣ್ಣಿನ ಮೇಲೆ, ಆಮೇಲೆ ತನ್ನ ಅಕ್ಷರಾಭ್ಯಾಸದ ಮೇಲೇ ಅನುಮಾನ ಬರುತ್ತದೆ.

ಉಪಾಯ ಇದೆ. ದಾಖಲೆಗಳನ್ನು ಮಾರ್ಕ್ ಕಡತವಾಗಿ ಇಳಿಸಿಕೊಂಡು, ಅವನ್ನು ತಿದ್ದುವ ತಂತ್ರಾಂಶವಾದ ಮಾರ್ಕ್‌ಎಡಿಟ್‌ನಲ್ಲಿ ತೆರೆಯಿರಿ. ಎಡಕ್ಕೆ ಅಕ್ಷರ ಇರುವ ಸೊನ್ನೆಗಳನ್ನಷ್ಟೇ ಹುಡುಕಿ ಅನುಸ್ವಾರ ಮಾಡಿ. ಷರತ್ತು ಹಾಕದೆ ‘ಎಲ್ಲವನ್ನೂ ಬದಲಿಸು’ ಒತ್ತಿದಿರೋ, ‘೧೯೭೦’ ಎಂದು ಕನ್ನಡ ಅಂಕಿಯಲ್ಲಿ ಬರೆದ ವರ್ಷಗಳ ಬಾಲಕ್ಕೂ ಅನುಸ್ವಾರ ಅಂಟಿಕೊಂಡು ಇಡೀ ದಶಕ ಮೂಗಿನಿಂದ ಮಾತಾಡತೊಡಗುತ್ತದೆ. ಅರ್ಕಾವತ್ತಿನದೂ ಇದೇ ಕಥೆ. ‘ಸೂರ್ಯ’ ಮತ್ತು ‘ಸೂರ‍್ಯ’ ನಮಗೆ ಒಬ್ಬನೇ ಸೂರ್ಯ. ಎರಡನೆಯದರೊಳಗೆ ಕಣ್ಣಿಗೆ ಕಾಣದ ಜೋಡಣೆಯ ಅಕ್ಷರವೊಂದು ಅಡಗಿರುತ್ತದೆ.

ಹೆಸರುಗಳ ಗದ್ದಲ ಬೇರೆ. ಬೇಂದ್ರೆಯವರನ್ನೇ ತೆಗೆದುಕೊಳ್ಳಿ: ‘ದ.ರಾ.ಬೇಂದ್ರೆ’, ‘ಬೇಂದ್ರೆ, ದ. ರಾ.’, ‘ದತ್ತಾತ್ರೇಯ ರಾಮಚಂದ್ರ ಬೇಂದ್ರೆ’, ‘ಅಂಬಿಕಾತನಯದತ್ತ’, ಮೇಲೆ ಇಂಗ್ಲಿಷ್ ಲಿಪಿಯ ಎರಡು ಮೂರು ಬಗೆ. ಭಕ್ತಿ ಉಕ್ಕಿದವರು ಲೇಖಕರ ಹೆಸರಿನ 100ನೇ ಟ್ಯಾಗಿನಲ್ಲಿ ‘ವರಕವಿ’ ಎಂದೂ ಸೇರಿಸಿ ಅವರನ್ನು ವ ಅಕ್ಷರದ ಸಾಲಿಗೆ ಅಟ್ಟಿರುತ್ತಾರೆ. ‘ಡಾ.’ ಸೇರಿಸುವವರ ದೆಸೆಯಿಂದಂತೂ ನಾಡಿನ ಅರ್ಧ ಲೇಖಕರು ಡ ಅಕ್ಷರದ ಕೆಳಗೆ ನೆರೆದು ಸಮ್ಮೇಳನ ಮಾಡುತ್ತಿದ್ದಾರೆ. ‘ಬೇಂದ್ರೆ, ದ. ರಾ., 1896-1981’ ಎಂದು ಒಂದು ಅಧಿಕೃತ ರೂಪ ಕಟ್ಟಿ, ಉಳಿದವನ್ನೆಲ್ಲ ಅದರ 400ರಲ್ಲಿ, ಎಂದರೆ ‘ಇದನ್ನು ನೋಡಿ’ ಎನ್ನುವ ಖಾನೆಯಲ್ಲಿ, ಇಟ್ಟರೆ ಮುಗಿಯಿತು. ಹೇಳಲು ಒಂದು ಸಾಲು, ಮಾಡಲು ಒಂದು ಮಳೆಗಾಲ.

ಪುಟಸಂಖ್ಯೆ ಇನ್ನೂ ಮಜಾ. ಪುಸ್ತಕದಲ್ಲಿ ‘೧೬+೨೪೮’ ಎಂದಿರುತ್ತದೆ. ಒಬ್ಬರು ‘16, 248’ ಬರೆದರು, ಇನ್ನೊಬ್ಬರು ಕೂಡಿಸಿ 264 ಮಾಡಿದರು, ಮತ್ತೊಬ್ಬರು ಮುನ್ನುಡಿ ಯಾರು ಓದುತ್ತಾರೆ ಎಂದು 248ಕ್ಕೇ ನಿಲ್ಲಿಸಿದರು. ಮೂರು ದಾಖಲೆ! ಐಎಸ್‌ಬಿಎನ್ 2007ರ ಜನವರಿ 1ರಿಂದ ಹತ್ತಂಕಿಯಿಂದ ಹದಿಮೂರಾಯಿತು. 978 ಮುಂದೆ ಅಂಟಿಸಿದರೆ ಸಾಕೆಂದು ತಿಳಿದವರುಂಟು, ಆದರೆ ಕೊನೆಯ ತಾಳೆ ಅಂಕಿಯನ್ನು ಹೊಸ ಲೆಕ್ಕದಲ್ಲೇ ತೆಗೆಯಬೇಕು. ಹತ್ತಂಕಿಯದರ ಕೊನೆಗೆ ಬರುವ ಎಕ್ಸ್ ಎಂದರೆ ಹತ್ತು. ಅದನ್ನು ಪ್ರಿಂಟಿಂಗ್ ತಪ್ಪೆಂದು ಬಿಟ್ಟವರೂ ಇದ್ದಾರೆ. ಪುಸ್ತಕದಲ್ಲಿ ಎರಡೂ ಸಂಖ್ಯೆ ಇದ್ದರೆ ಎರಡನ್ನೂ ಒಂದೇ ದಾಖಲೆಯ ಎರಡು 020ನೇ ಟ್ಯಾಗಿನಲ್ಲಿ ಇಡಿ. ಊರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ಕ್ಕೆ ಅಧಿಕೃತವಾಗಿ ‘ಹುಬ್ಬಳ್ಳಿ’ ಆಯಿತಲ್ಲ, ಹಳೆಯ ಪುಸ್ತಕಗಳಲ್ಲಿ ‘ಹುಬ್ಲಿ’ ಎಂದಿದ್ದುದನ್ನೆಲ್ಲ ಅಭಿಮಾನದಿಂದ ತಿದ್ದಲು ಹೋಗಬೇಡಿ. ಪುಸ್ತಕದಲ್ಲಿ ಏನಿದೆಯೋ ಅದೇ ಇರಲಿ.

ಕಾರ್ಡಿನ ಕಾಲದಲ್ಲಿ ಇದಿಷ್ಟೂ ಇರಲಿಲ್ಲ. ಐದು ಇಂಚು ಅಗಲ, ಮೂರು ಇಂಚು ಎತ್ತರದ ಕಾರ್ಡು, ಕೆಳಗೊಂದು ತೂತು, ಅದರೊಳಗೆ ಹಾಯ್ದ ಕಬ್ಬಿಣದ ಸರಳು. ಹೊಸ ಕಾರ್ಡು ಇಡಲು ಡ್ರಾಯರ್ ಎಳೆದು ಬೆರಳಿನಿಂದ ಸರಿಸುತ್ತ ಹೋದರೆ, ಅದು ಕೂರಬೇಕಾದ ಜಾಗದಲ್ಲಿ ಹಳೆಯದು ಆಗಲೇ ಕೂತಿರುವುದು ಬೆರಳಿಗೇ ಗೊತ್ತಾಗುತ್ತಿತ್ತು. ಆ ಕಾರ್ಡಿನ ಹಿಂದೆಯೇ ಒಂದು ಅಕ್ಸೆಶನ್ ನಂಬರು ಸೇರಿಸಿದರೆ ಕೆಲಸ ಮುಗಿಯಿತು. ನಕಲು ಹುಡುಕುವುದು ಬೇರೆ ಕೆಲಸವೇ ಆಗಿರಲಿಲ್ಲ. ‘ಅಂಬಿಕಾತನಯದತ್ತ: ಬೇಂದ್ರೆ ನೋಡಿ’ ಎಂದು ದುಂಡನೆಯ ಅಕ್ಷರದಲ್ಲಿ ಯಾರೋ ಬರೆದಿಟ್ಟ ಕಾರ್ಡು, ಮೂಲೆಗಳು ಮುಟ್ಟಿ ಮುಟ್ಟಿ ಬಟ್ಟೆಯಂತೆ ಮೆತ್ತಗಾದದ್ದು, ಈಗಲೂ ಯಾವುದೋ ಡ್ರಾಯರಿನಲ್ಲಿ ಇದ್ದೀತು. ಬರೆದವರು ನಿವೃತ್ತಿಯಾಗಿ ಎಷ್ಟು ವರ್ಷವಾಯಿತೋ. ಆ ಡ್ರಾಯರಿನ ಮೇಲೆ ಈಗ ಪ್ರಿಂಟರ್ ಕೂತಿದೆ.

ಇರಲಿ, ಏಳನ್ನು ಒಂದು ಮಾಡುವ ವಿಷಯಕ್ಕೆ ಬರೋಣ. ಪುಸ್ತಕ ಕೈಯಲ್ಲಿಲ್ಲದೆ ದಾಖಲೆ ಕೂಡಿಸಬೇಡಿ. ಬೇರೆ ಊರಿನ ಪ್ರತಿಯಾದರೆ ಶೀರ್ಷಿಕೆ ಪುಟದ್ದೂ ಅದರ ಹಿಂಬದಿಯ ಪುಟದ್ದೂ ಫೋಟೋ ತರಿಸಿ. ಅದೇ ಪ್ರಕಾಶಕರು ಪುಟ ಬದಲಿಸದೆ ಮಾಡಿದ ಮರುಮುದ್ರಣಕ್ಕೆ ಬೇರೆ ದಾಖಲೆ ಬೇಡ. ಪರಿಷ್ಕೃತ ಎಂದಿದ್ದರೆ, ಪುಟ ಬದಲಾಗಿದ್ದರೆ, ಪ್ರಕಾಶಕರು ಬೇರೆಯಾಗಿದ್ದರೆ ಅದು ನಕಲಲ್ಲ, ಮುಟ್ಟಬೇಡಿ. ನಕಲು ಉಳಿದರೆ ಓದುಗನಿಗೆ ತಡವಾಗುತ್ತದೆ, ಅಷ್ಟೆ. ಬೇರೆ ಪುಸ್ತಕಗಳನ್ನು ಕೂಡಿಸಿಬಿಟ್ಟರೆ ಒಂದು ಆವೃತ್ತಿಯೇ ಲೋಕದಿಂದ ಮಾಯ.

ಏಳನ್ನೂ ಮೊದಲು ಮಾರ್ಕ್ ಕಡತವಾಗಿ ಇಳಿಸಿ ಎತ್ತಿಡಿ, ಯಾಕೆಂದರೆ ಕೂಡಿಸಿದ್ದನ್ನು ಬಿಡಿಸುವ ಗುಂಡಿ ಇಲ್ಲ. ಒಮ್ಮೆ ಇಟ್ಟ ಪದವನ್ನು ಅಳಿಸದಿರುವುದೇ ತನ್ನ ಅಗ್ಗಳಿಕೆ ಎಂದವನು ನಾರಣಪ್ಪ. ಅವನ ಪುಸ್ತಕದ ದಾಖಲೆಗಳಿಗೆ ನಮ್ಮದು ಬರೀ ಅಳಿಸುವ ಕೆಲಸ. ಒಂದೊಂದರ ಕೆಳಗೆ ಎಷ್ಟು ಪ್ರತಿ ಎಂದು ಚೀಟಿಯಲ್ಲಿ ಬರೆದುಕೊಳ್ಳಿ: 3, 2, 2, 1, 1, 1, 1, ಒಟ್ಟು 11. ಹುಡುಕಾಟದ ಫಲಿತಾಂಶದಲ್ಲಿ ಟಿಕ್ ಹಾಕಿ ‘ಮರ್ಜ್’ ಆರಿಸಿ, ಯಾವುದು ಉಳಿಯಬೇಕು ಎಂದು ಕೇಳಿದಾಗ ವಿವರ ಹೆಚ್ಚಿರುವುದನ್ನು ತೋರಿಸಿ. ಪ್ರತಿಗಳು ಹೆಚ್ಚಿವೆ ಎಂಬುದು ಕಾರಣವಾಗದಿರಲಿ, ಪ್ರತಿಗಳು ಹೇಗೂ ನಡೆದು ಬರುತ್ತವೆ. ಉಳಿದ ಆರರ ಟ್ಯಾಬು ತೆರೆದು ಬೇಕಾದ 246, ವಿಷಯ ಹೇಳುವ 650 ಮಾತ್ರ ಟಿಕ್ ಮಾಡಿ. 245 ಒಂದೇ ಇರಬೇಕು, ಎರಡನೆಯದನ್ನು ಟಿಕ್ ಮಾಡಿದರೆ ಕೋಹಾವೇ ಆಗುವುದಿಲ್ಲ ಎನ್ನುತ್ತದೆ. ಯಾರದೋ 082ರಲ್ಲಿ ವರ್ಗಸಂಖ್ಯೆ 894.814, ಯಾರದೋದರಲ್ಲಿ ಬೇರೆ ಏನೋ ಇರುತ್ತದೆ. ಜಗಳ ಬೇಡ, ಕಪಾಟಿನ ಜಾಗ ತೋರಿಸುವ ಅವರವರ ಕರೆಸಂಖ್ಯೆ ಅವರವರ ಪ್ರತಿಯ 952ರಲ್ಲೇ ಇದೆಯೇ ಎಂದು ಮೊದಲೇ ನೋಡಿಕೊಂಡಿದ್ದರೆ ಸಾಕು. ಕೊನೆಗೆ ಎಣಿಸಿ. 11 ಬಂದವೆ? ಚಹಾಕ್ಕೆ ಹೋಗಬಹುದು.

ಆದರೆ ಹುಡುಕಾಟದ ಸೂಚಿ ತಾಜಾ ಆಗಲು ಸ್ವಲ್ಪ ಹೊತ್ತು ಬೇಕು. ಅಲ್ಲಿಯ ತನಕ ಸತ್ತ ಆರು ದಾಖಲೆ ಫಲಿತಾಂಶದಲ್ಲಿ ದೆವ್ವದಂತೆ ಓಡಾಡುತ್ತವೆ, ಒತ್ತಿದರೆ ‘ದಾಖಲೆ ಇಲ್ಲ’ ಎನ್ನುತ್ತವೆ. ಚಹಾದ ಮೊದಲ ಗುಟುಕು ಬಾಯಲ್ಲಿರುವಾಗ ಫೋನು ಬಂದೇ ಬರುತ್ತದೆ.

“ಸರ, ನಮ್ಮ ಬುಕ್ ತೆರಿಯವಲ್ದು. ಇಲ್ಲಂತ ತೋರಸಾಕ್ಹತ್ತೈತಿ.”

“ಒಂದೈದು ನಿಮಿಷ ತಡೀರಿ, ಬರ್ತೈತಿ.”

“ಛೆ, ನೀವ್ಯಾಕ ತ್ರಾಸ ತಗೋತೀರಿ. ಬುಕ್ ಇಲ್ಲೇ ಕೈಯಾಗ ಐತಿ. ಹೊಸಾ ಎಂಟ್ರಿ ಮಾಡೇಬಿಟ್ಟೇನ್ರಿ.”