ಚ್ಯಾಷ್ಟಿ ಹಾಡಿಗೆ ಸೌಂಡ್ ಚೆಕ್ ಬ್ಯಾಡೇನ್ರಿ?

"ಅವ್ರದು ಬರೇ ಚ್ಯಾಷ್ಟಿ ಹಾಡ್ರೀ, ಅದಕ್ಯಾಕ ಇಷ್ಟ್ ಸೌಂಡ್ ಚೆಕ್ಕು?"

ನಿನ್ನೆ ಸಂಜೀಕ ಹುಬ್ಬಳ್ಳಿಯ ಒಂದು ಸಭಾಂಗಣದಾಗ ಸಂಘಟಕರೊಬ್ಬರು ಆಡಿದ ಮಾತಿದು. ಕಾಲೇಜಿನ ನಾಲ್ಕು ಹುಡುಗರು, ಎರಡು ಗಿಟಾರು, ಒಂದು ಕೀಬೋರ್ಡು, ತಾವ ಬರದ ಕನ್ನಡ ಹಾಡು. ಅವರ ಮೊದಲ ಬಂದ ಗಂಭೀರ ಮುಖದ ಫ್ಯೂಜನ್ ತಂಡಕ್ಕ ಸೌಂಡ್ ಚೆಕ್ ಮಾಡಾಕ, ಅಂದ್ರ ಹಾಡೂ ಮೊದಲ ಮೈಕು, ವಾದ್ಯದ ಸದ್ದು ಹೊಂದಸಾಕ, ಮುಕ್ಕಾಲು ತಾಸು ಕೊಟ್ರು. ಈ ಹುಡುಗರದು "ಹಲೋ, ಒನ್ ಟೂ" ಅನ್ನೂದರಾಗ ಮುಗೀತು. ಮುಂದ ಏನಾಗಬೇಕೋ ಅದ ಆತು. ಒಂದು ಶಬ್ದ ತಿಳೀಲಿಲ್ಲ, ಒಬ್ಬರೂ ನಗಲಿಲ್ಲ. ಹೊರಗ ಬಂದ ಮಂದಿ "ಹುಡುಗರ ಹಾಡಿನ್ಯಾಗ ದಮ್ಮಿಲ್ಲ ಬಿಡ್ರಿ" ಅಂದ್ರು. ದಮ್ಮು ಇತ್ರೆಪಾ, ನಿಮ್ಮ ಎಕೋ, ಮೈಕಿನ ಆ ಮರುದನಿ, ಅದನ್ನ ನುಂಗಿತ್ತು.

ಈ ವಿಷಯದಾಗ ನನ್ನ ತಲಿ ಎಷ್ಟು ಲಗೂ ಕಾಯತತಿ ಅನ್ನೂದು ನಿಮಗ ಗೊತ್ತೇ ಐತಿ. ಆದ್ರೂ ಹೇಳತೀನಿ, ಕೇಳ್ರಿ.

ಗಂಭೀರ ಹಾಡಿನ್ಯಾಗ ನಾಲ್ಕು ಶಬ್ದ ಮಸುಕಾದ್ರೂ ರಾಗ ಕೈ ಹಿಡೀತತಿ. ನಗಸೂ ಹಾಡಿನ್ಯಾಗ ಸಾಲಿನ ಕಡೀ ಶಬ್ದ ಕೇಳಲಿಲ್ಲ ಅಂದ್ರ ಮುಗೀತು, ಇಡೀ ಕಡವ, ಅಂದ್ರ ಚರಣ, ವ್ಯರ್ಥ. ಕ, ಚ, ಟ, ತ ಇವೆಲ್ಲ ಬಿಡಿ ಬಿಡಿ ಕೇಳಸೂದು ಹೆಚ್ಚು ಕಮ್ಮಿ 2ರಿಂದ 4 ಕಿಲೋಹರ್ಟ್ಸ್ ಒಳಗ; ಹರ್ಟ್ಸ್ ಅಂದ್ರ ಸೆಕೆಂಡಿಗೆ ಒಂದು ಕಂಪನ, ಕಿಲೋಹರ್ಟ್ಸ್ ಅಂದ್ರ ಸಾವಿರ. ಡಿಸ್ಟಾರ್ಷನ್ ಹಚ್ಚಿ ದನಿ ಒಡಕು ಮಾಡಿದ ಗಿಟಾರು ಬಂದು ಕುಂದ್ರೂದೂ ಅಲ್ಲೇ. ಆವಾಗ ದನಿ ಏರಸಬಾರದು, ಏರಿಸಿದ್ರ ಮೈಕು ಸಿಳ್ಳಿ ಹೊಡೀತತಿ. ಗಿಟಾರಿನ ಚಾನೆಲ್ಲಿನ್ಯಾಗ 3 ಕಿಲೋಹರ್ಟ್ಸ್ ಹತ್ರ ಮೂರ್ನಾಲ್ಕು ಡೆಸಿಬಲ್ ಇಳಸಬೇಕು, ಹಾಡೂ ಮೈಕಿನ್ಯಾಗ 100 ಹರ್ಟ್ಸ್‌ಗಿಂತ ಕೆಳಗಿಂದು ಕತ್ತರಸಬೇಕು. ಹಾಡಾವ್ರೂ ಸ್ಟೈಲ್ ಮಾಡಾಕ ಹೋಗಿ ಮೈಕಿನ ಜಾಳಗಿ ಮುಷ್ಟಿಯೊಳಗ ಹಿಡೀಬಾರದು. ಹಂಗ ಹಿಡದ್ರ ಮೈಕಿಗೆ ಹಿಂದು ಮುಂದು ತಿಳಿಯದಂಗ ಆಗಿ ಮಾನಿಟರಿನ, ಅಂದ್ರ ಹಾಡಾವ್ರ ಕಡೆ ಮುಖ ಮಾಡಿದ ಸ್ಪೀಕರಿನ, ಸದ್ದನ್ನೂ ಎಳಕೋತತಿ.

ಇನ್ನ ಆ ಎಕೋ! ನಮ್ಮ ಕಡೆ ಮೈಕ್ ಬಾಡಗಿ ಕೊಟ್ರ ಎಕೋ ಪುಕ್ಕಟ. ನಿಮಿಷಕ್ಕ 120 ಪೆಟ್ಟಿನ ಹಾಡಿನ್ಯಾಗ ಒಂದು ಪೆಟ್ಟಿಗೆ ಅರ್ಧ ಸೆಕೆಂಡು, ಆ ಅರ್ಧ ಸೆಕೆಂಡಿನ್ಯಾಗ ಎರಡು ಅಕ್ಷರ. ಅಂದ್ರ ಅಕ್ಷರಕ್ಕ 250 ಮಿಲಿಸೆಕೆಂಡು. ಎಕೋ 300ಕ್ಕ ಇಟ್ರ ಹಿಂದಿನ ಅಕ್ಷರದ ಬಾಲ ಸೀದಾ ಮುಂದಿನ ಅಕ್ಷರದ ಮ್ಯಾಲ ಬಂದು ಬೀಳತತಿ. ಸಾವಕಾಶ ಹಾಡೂ ಭಾವಗೀತಿಗೆ ಅದು ಚಂದ ಇರಬಹುದು. ಚ್ಯಾಷ್ಟಿಗೆ ವಿಷ.

ಈ ಕೆಲಸ ಎಷ್ಟು ಜೀವ ತಿಂತತಿ ಅಂತ ನೋಡಬೇಕಂದ್ರ ಅಮೆರಿಕದ "ದೇ ಮೈಟ್ ಬಿ ಜೈಂಟ್ಸ್" ಅನ್ನೂ ಬ್ಯಾಂಡಿನ ಕಡೆ ನೋಡ್ರಿ. ಜಾನ್ ಫ್ಲ್ಯಾನ್ಸ್‌ಬರ್ಗ್, ಜಾನ್ ಲಿನ್ನೆಲ್, ಇಬ್ಬರೂ ಜಾನ್‌ಗಳ. ಮ್ಯಾಸಚೂಸೆಟ್ಸಿನ ಲಿಂಕನ್ ಅನ್ನೂ ಊರಿನ್ಯಾಗ ಬೆಳದು, 1982ರಾಗ ನ್ಯೂಯಾರ್ಕಿನ ಬ್ರೂಕ್ಲಿನ್‌ದಾಗ ಬ್ಯಾಂಡ್ ಕಟ್ಟಿದ್ರು. ಒಬ್ಬನ ಕೊಳ್ಳಾಗ ಗಿಟಾರು, ಇನ್ನೊಬ್ಬನ ಎದಿಗೆ ಅಕಾರ್ಡಿಯನ್, ಅಂದ್ರ ನಿಂತು ಬಾರಸೂ ನಮ್ಮ ಪೇಟಿ ಅನ್ರಿ. ಡ್ರಮ್ ಬಾರಸಾಂವ ಇಲ್ಲ, ಡ್ರಮ್ ಮಶೀನು ಮತ್ತ ಟೇಪು. ಮೊದಲ ಹತ್ತು ವರ್ಷ ಹಿಂಗ ನಡೀತು.

ಟೇಪಿನ ಜೋಡಿ ನಗಸೂದು ಎಷ್ಟು ತ್ರಾಸು ಅಂತ ಆ ಸಂಘಟಕರಿಗೆ ಯಾರರ ತಿಳಿಸಿ ಹೇಳ್ರಪಾ. ಮನುಷ್ಯಾ ತಬಲಾ ಬಾರಸತಿದ್ರ ಮಂದಿ ನಗೂತನಕ ಒಂದು ಆವರ್ತನ ಹೆಚ್ಚಿಗೆ ಬಾರಿಸಿ ತಡೀತಾನ. ಟೇಪು ತಡಿಯಂಗಿಲ್ಲ. ನಗಿ ಎಲ್ಲಿ ಬರತತಿ ಅಂತ ಬರೀವಾಗನ ಅಂದಾಜ ಮಾಡಿ ಅಲ್ಲೆ ಎರಡು ಬಾರ್, ಅಂದ್ರ ಎಂಟು ಪೆಟ್ಟು, ಖಾಲಿ ಬಿಡಬೇಕು. 120ರ ಲಯಕ್ಕ ಅದು ನಾಲ್ಕು ಸೆಕೆಂಡು. ನಗಿ ಬರಲಿಲ್ಲಂದ್ರ ಆ ನಾಲ್ಕು ಸೆಕೆಂಡು ವೇದಿಕಿ ಮ್ಯಾಲ ನಿಂತಾಂವಗ ನಾಲ್ಕು ವರ್ಷ.

ಅವರ "ಡಯಲ್-ಎ-ಸಾಂಗ್" ಕತಿಯಂತೂ ನನಗ ಎಷ್ಟು ಸಲ ಹೇಳಿದ್ರೂ ಬ್ಯಾಸರಿಲ್ಲ. ಲಿನ್ನೆಲ್ ಸೈಕಲ್ ಮ್ಯಾಲಿಂದ ಬಿದ್ದು ಮಣಿಕಟ್ಟು ಮುರಕೊಂಡ. ಅದ ಹೊತ್ತಿಗೆ ಫ್ಲ್ಯಾನ್ಸ್‌ಬರ್ಗನ ಮನಿ ಕಳುವಾತು. ಕಾರ್ಯಕ್ರಮ ಬಂದ್. ಆವಾಗ ಫೋನಿಗೆ ತಾನ ಉತ್ತರ ಕೊಡೂ ಒಂದು ಆನ್ಸರಿಂಗ್ ಮಶೀನಿಗೆ ತಮ್ಮ ಹಾಡಿನ ಕ್ಯಾಸೆಟ್ ಹಾಕಿ, ಫೋನ್ ನಂಬರನ್ನ ಪೇಪರಿನ್ಯಾಗ ಜಾಹೀರಾತು ಕೊಟ್ರು. ಫೋನ್ ಹಚ್ಚಿದ್ರ ಒಂದು ಹಾಡು, ಒಮ್ಮೊಮ್ಮೆ ಅರ್ಧಾ ಆದ ಹಾಡು, ಒಮ್ಮೊಮ್ಮೆ ಇಲ್ಲದ ಸಾಮಾನಿನ ಸುಳ್ಳ ಜಾಹೀರಾತು. ಲೈನ್ ಒಂದ, ಹಿಂಗಾಗಿ ಒಂದು ಸಲಕ್ಕ ಒಬ್ಬರಿಗಷ್ಟ ಹಾಡು, ಉಳಿದಾವರಿಗೆ ಎಂಗೇಜ್. ಮಶೀನು ಹಗಲೆಲ್ಲಾ ಕೆಡತಿತ್ತು. ಅದನ್ನೂ ಬಿಡಲಿಲ್ಲ, "ಯಾವಾಗಲೂ ಬಿಜಿ, ಆಗಾಗ ಕೆಟ್ಟಿರತತಿ" ಅಂತ ಘೋಷಣಾ ಮಾಡಿಕೊಂಡ್ರು. ಊರೊಳಗಿನ ಫೋನ್ ಕಾಲಿಗೂ ರೊಕ್ಕ ಬೀಳತಿತ್ತಲಾ, ಅದಕ್ಕ "ಆಫೀಸಿನಿಂದ ಮಾಡಿದ್ರ ಪುಕ್ಕಟ" ಅಂತ ಇನ್ನೊಂದು.

ಫೋನಿನ ಸದ್ದಿನ ಹಾದಿ 300ರಿಂದ 3400 ಹರ್ಟ್ಸ್ ಅಷ್ಟ. ಬೇಸಿನ ದಪ್ಪ ಸದ್ದು ದಾಟಂಗಿಲ್ಲ, ಡ್ರಮ್ಮಿನ ಜೋಡಿ ಬಾರಸೂ ತಾಳದಂಥಾ ಸಿಂಬಲ್ಸ್ ದಾಟಂಗಿಲ್ಲ. ದಾಟೂದು ಮಾತು ಮತ್ತ ಧಾಟಿ. ಅಷ್ಟರಾಗ ನಿಂತ ಹಾಡು ಎಲ್ಲಿ ಬೇಕಾದ್ರೂ ನಿಲ್ಲತತಿ. ಅಲ್ರೀ, ಒಂದು ಫೋನಿನ ರಿಸೀವರಿನ್ಯಾಗ ತಿಳೀತಿದ್ದ ಮಾತು ನಿಮ್ಮ ಲಕ್ಷ ರೂಪಾಯಿ ಸ್ಪೀಕರಿನ್ಯಾಗ ಯಾಕ ತಿಳಿಯವಲ್ದು?

1990ರಾಗ ಎಲೆಕ್ಟ್ರಾ ಕಂಪನಿಯಿಂದ "ಫ್ಲಡ್" ಬಂತು. ಆ ಆಲ್ಬಮ್ಮಿನ ರೊಕ್ಕದಾಗ ದೊಡ್ಡ ಪಾಲು ಬರೇ ನಾಲ್ಕು ಹಾಡಿಗೆ ಸುರದ್ರು. ನಾಲ್ಕರಾಗಿನ ಒಂದು "ಬರ್ಡ್‌ಹೌಸ್ ಇನ್ ಯುವರ್ ಸೋಲ್", ಬ್ರಿಟನ್ನಿನ ಪಟ್ಟಿಯೊಳಗ 6ನೇ ನಂಬರ್ ತನಕ ಹೋತು. ಹಾಡಾವ್ರು ಯಾರು? ರಾತ್ರಿ ಮಲಗೂ ಕೋಲ್ಯಾಗಿನ ಹಕ್ಕಿ ಆಕಾರದ ಸಣ್ಣ ನೀಲಿ ದೀಪ. ಅದು ತನ್ನ ಬಗ್ಗೆ ತಾನ ಹೇಳಿಕೊಳ್ಳತತಿ, ಸ್ವಲ್ಪ ಜಂಬದಿಂದ. ಕೇಳಿದ್ರ ಚ್ಯಾಷ್ಟಿ. ಆದ್ರ ಹಾಡಾಕ ಕುಂದರ್ರಿ ನೋಡೋಣ. ನಮ್ಮ ಧಾರವಾಡದ ಪದ್ಧತಿಯೊಳಗ ತಂಬೂರಿ ಕೂಡಿಸಿದ ಮ್ಯಾಲ ಷಡ್ಜ, ಅಂದ್ರ ಆಧಾರದ ಸಾ, ಕೂತಲ್ಲೇ ಕೂತಿರತತಿ, ಇಲ್ಲೆ ಅದು ಸಾಲು ದಾಟಿದಂಗ ಮತ್ತ ಮತ್ತ ಮನಿ ಬದಲ ಮಾಡತತಿ. ಅಷ್ಟಾದ್ರೂ ಕೇಳಾವಗ ಧಕ್ಕಿ ಆಗಂಗಿಲ್ಲ, ಬರೇ ಖುಷಿ. ಇದನ್ನ "ಸುಮ್ನ ತಮಾಷಿ" ಅನ್ನಾವರಿಗೆ ಕೈ ಮುಗದೆ.

1992ರ "ಅಪೊಲೊ 18" ಒಳಗ "ಫಿಂಗರ್‌ಟಿಪ್ಸ್" ಅಂತ 21 ಚೂರು ಅದಾವ, ಕೆಲವು ಬರೇ ನಾಲ್ಕೈದು ಸೆಕೆಂಡು. ಸಿಡಿ ಪ್ಲೇಯರಿನ್ಯಾಗ ಹಾಡಿನ ಸರದಿ ಕಲಸೂ ಶಫಲ್ ಗುಂಡಿ ಒತ್ತಿದ್ರ ಅವು ಬ್ಯಾರೆ ಹಾಡುಗಳ ನಡುವ ಬಂದು ಇಣುಕಬೇಕು, ಅದು ಲೆಕ್ಕಾಚಾರ. ಬ್ರಿಟನ್, ಆಸ್ಟ್ರೇಲಿಯಾದ ಸಿಡಿ ಮಾಡುವಾಗ 21ನ್ನೂ ಕೂಡಿಸಿ ಒಂದ ಟ್ರ್ಯಾಕ್ ಮಾಡಿಬಿಟ್ರು. ಹೋತು, ಚ್ಯಾಷ್ಟಿ ಸತ್ತಂಗ. ಅಲ್ಲೂ ಯಾರೋ ನಮ್ಮ ಸಂಘಟಕರ ಸಂಬಂಧಿಕರು ಇದ್ದಿರಬೇಕು.

ಈಗ ಒಬ್ಬರು ಬಂದು ಹೇಳತಾರ, ನನಗ ಗೊತ್ತೈತಿ: "ನಗಿ ಒಂದ ಸಲ ಬರತತಿ, ಎರಡನೇ ಸಲಕ್ಕ ಹಳಸತತಿ, ಇಂಥಾ ಬ್ಯಾಂಡ್ ಬಾಳಂಗಿಲ್ಲ." ಜೋಕ್ ಹಳಸತತಿ, ಒಪ್ಪಿದೆ. ಬರೇ ಜೋಕಿನ ಮ್ಯಾಲ ನಿಂತ ಹಾಡು ಒಂದು ಹಂಗಾಮಕ್ಕ ಮುಗೀತತಿ, ಅದನ್ನೂ ಒಪ್ಪಿದೆ. ಇವರು 1982ರಿಂದ ಇನ್ನೂ ನಡಸ್ಯಾರ, ಲೆಕ್ಕಾ ನೀವ ಹಾಕ್ರಿ. ಎರಡನೇ ಸಲಕ್ಕ ಕೈ ಹಿಡಿಯೂದು ಧಾಟಿ. ಕೋಡಗನ್ನ ಕೋಳಿ ಕಡೆ ನುಂಗಿಸಿದ ಶಿಶುನಾಳದ ಶರೀಫರ ಪದ ನೂರು ವರ್ಷ ದಾಟಿದ್ರೂ ನಮ್ಮ ಹಾವೇರಿ ಜಿಲ್ಲಾದ ಭಜನಿ ಮ್ಯಾಳದಾಗ ಹಳಸೇತೇನು? ಮುಗೀತು ವಾದ.

ಖರೇ ಹೇಳಬೇಕಂದ್ರ ಇವರ ಎಲ್ಲಾ ಹಾಡೂ ನನಗ ಸೇರಂಗಿಲ್ಲ. ಲಿನ್ನೆಲ್ಲನ ಮೂಗಿನ ದನಿ ಒಂದು ತಾಸಿನ ಮ್ಯಾಲ ತಲಿ ತಿಂತತಿ. 1994ರ "ಜಾನ್ ಹೆನ್ರಿ"ಯಿಂದ ಪೂರಾ ಬ್ಯಾಂಡ್ ಕಟ್ಟಿಕೊಂಡ್ರು, ಆವಾಗ ಸದ್ದು ಹೆಚ್ಚಾತು, ಮಶೀನಿನ ಕಾಲದ ಆ ಹುಚ್ಚ ಶಿಸ್ತು ಸ್ವಲ್ಪ ಸಡಲಾತು. ಹಳೇ ಅಭಿಮಾನಿಗಳು ಬೈದ್ರು, ನಾನೂ ಬೈತೀನಿ. ಆದ್ರ ಕಂಪನಿ ಬಿಟ್ಟ ಮ್ಯಾಲ 1999ರಾಗ ಒಂದು ಇಡೀ ಆಲ್ಬಮ್ ಇಂಟರ್ನೆಟ್ಟಿನ್ಯಾಗಷ್ಟ ಬಿಟ್ರಲಾ, ಆ ಧೈರ್ಯಕ್ಕ ಏನಂತೀರಿ? ಒಂದು ಟಿವಿ ಧಾರಾವಾಹಿಯ ಶೀರ್ಷಿಕೆ ಗೀತಿಗೆ 2002ರಾಗ ಗ್ರ್ಯಾಮಿ, ಹುಡುಗರಿಗೆ ಅಂಕಿ ಕಲಸೂ ಆಲ್ಬಮ್ಮಿಗೆ 2009ರಾಗ ಇನ್ನೊಂದು.

ಸಣ್ಣ ಹುಡುಗರಿಗೆ ಅಂತ ಇವರು ಮಾಡಿದ ಹಾಡಿನ್ಯಾಗೂ ಅದ ಕಾಳಜಿ. ಸೂರ್ಯ ಉರಿಯೂ ಗ್ಯಾಸಿನ ಗುಡ್ಡ ಅನ್ನೂ 1959ರ ಬ್ಯಾರೆಯವರ ಪಾಠದ ಹಾಡನ್ನ ಹಿಂದ ಇವರೂ ಹಾಡಿದ್ರು. ಸೂರ್ಯ ಇರೂದು ಪ್ಲಾಸ್ಮಾ, ಅಂದ್ರ ಕಾವಿಗೆ ಅಣು ಒಡದು ವಿದ್ಯುತ್ ಕಣ ಆದ ಸ್ಥಿತಿ. ಹಿಂಗಾಗಿ 2009ರ ವಿಜ್ಞಾನದ ಆಲ್ಬಮ್ಮಿನ್ಯಾಗ ಹಳೇದನ್ನೂ ಇಟ್ಟು, ಅದರ ಬೆನ್ನಿಗೆ "ಅದು ತಪ್ಪು" ಅಂತ ಇನ್ನೊಂದು ಹಾಡು ಬರದು ಹಾಡಿದ್ರು. ನಮ್ಮಲ್ಲೆ ಪಠ್ಯಪುಸ್ತಕಕ್ಕೂ ಇಷ್ಟು ಲಗೂ ತಿದ್ದುಪಡಿ ಬರಂಗಿಲ್ಲ.

ನಿನ್ನೆ ಹಾಡಿದ ಹುಡುಗರು ಇದನ್ನ ಓದತಿದ್ರ: ಮುಂದಿನ ಸಲ ವೇದಿಕಿ ಏರೂ ಮೊದಲ ಎಕೋ ಸೊನ್ನಿಗೆ ತರಸ್ರಿ, ಬೈದ್ರ ಬೈಸಿಕೊಳ್ರಿ. ಹಾಡು ಗೊತ್ತಿಲ್ಲದ ಒಬ್ಬ ಗೆಳ್ಯಾನ್ನ ಕಡೀ ಸಾಲಿನ್ಯಾಗ ಕೂಡಿಸಿ, ಒಂದು ಕಡವ ಹಾಡಿ, ಕೇಳಿದ್ದನ್ನ ಹಾಳಿ ಮ್ಯಾಲ ಬರೀ ಅನ್ರಿ. ಹತ್ತು ಶಬ್ದದಾಗ ಎರಡಕ್ಕಿಂತ ಹೆಚ್ಚು ತಪ್ಪಿದ್ರ ಗಿಟಾರ್ ಇಳಸ್ರಿ. ಆಮ್ಯಾಲೂ ತಿಳೀಲಿಲ್ಲಂದ್ರ ಕೀಬೋರ್ಡ್ ಇಳಸ್ರಿ. ಸಂಘಟಕರು ಗಡಿಯಾರ ತೋರಸತಾರ, ತೋರಸಲಿ.